ಭದ್ರಾವತಿ ರಸ್ತೆಯ ಧೂಳು ಮತ್ತು ರಾತ್ರಿ ಹಚ್ಚುವ ಕ್ರೀಮು: ನನ್ನ ಅನುಭವ

ಶಿವಮೊಗ್ಗದ ವಿನೋಬನಗರದಲ್ಲಿರುವ ನನ್ನ ಮನೆಯಿಂದ ಮಾಚೇನಹಳ್ಳಿಯ ಕೈಗಾರಿಕಾ ಪ್ರದೇಶಕ್ಕೆ ಹೋಗಬೇಕಾದರೆ ಊರನ್ನು ಹಾದು, ತುಂಗಾ ಸೇತುವೆ ದಾಟಿ, ವಿದ್ಯಾನಗರದಿಂದಾಚೆಗೆ ಭದ್ರಾವತಿ ರಸ್ತೆಯನ್ನು ಹಿಡಿಯಬೇಕು. ಅಲ್ಲಿನ ಒಂದು ಎರಕದ ಕಾರ್ಖಾನೆಯಲ್ಲಿ ಲೆಕ್ಕಪತ್ರ ನೋಡಿಕೊಳ್ಳುವ ನಾನು ಹದಿನಾಲ್ಕು ವರ್ಷಗಳಿಂದ ಈ ದಾರಿಯನ್ನು ಸ್ಕೂಟರಿನ ಮೇಲೆಯೇ ಸವೆಸಿದ್ದೇನೆ. ಮುಂದೆ ಮರಳಿನ ಲಾರಿ, ಪಕ್ಕದಲ್ಲಿ ಹೊಗೆಯುಗುಳುವ ಬಸ್ಸು, ವಿದ್ಯಾನಗರದಲ್ಲಿ ಮೇಲ್ಸೇತುವೆ ಕಟ್ಟುತ್ತಿದ್ದ ದಿನಗಳಲ್ಲಂತೂ ಹೆಲ್ಮೆಟ್ಟಿನ ಗಾಜಿನ ಮೇಲೆ ಬೆರಳಿನಿಂದ ಹೆಸರು ಬರೆಯುವಷ್ಟು ಧೂಳು. ಸಂಜೆ ಮನೆಗೆ ಬಂದು ಒದ್ದೆ ಬಟ್ಟೆಯಿಂದ ಹಣೆಯನ್ನು ಒರೆಸಿದರೆ ಬಟ್ಟೆಯ ಮೇಲೆ ಬೂದು ಬಣ್ಣದ ಪಟ್ಟೆಯೊಂದು ಮೂಡುತ್ತಿತ್ತು. ಮಲೆನಾಡಿನವರಿಗೆ ಎಂಥ ಮಾಲಿನ್ಯ ಎಂದು ಬೆಂಗಳೂರಿನ ನೆಂಟರು ನಗುವಾಗಲೆಲ್ಲ ಆ ಬಟ್ಟೆಯನ್ನು ಅವರಿಗೆ ತೋರಿಸಬೇಕೆನಿಸುತ್ತದೆ.

ನಲವತ್ತು ದಾಟಿದ ಮೇಲೆ ಎರಡೂ ಕೆನ್ನೆಗಳ ಮೇಲೆ ತೆಳುವಾಗಿ ಬಂಗು ಕಾಣಿಸಿಕೊಂಡಿತು. ಚರ್ಮ ಮಧ್ಯಾಹ್ನದ ಹೊತ್ತಿಗೆ ಜಿಡ್ಡಾಗುತ್ತಿತ್ತು, ರಾತ್ರಿ ಮುಖ ತೊಳೆದ ಕೂಡಲೇ ಬಿಗಿಯುತ್ತಿತ್ತು. ಜಿಡ್ಡು ಮತ್ತು ಬಿಗಿತ ಒಂದೇ ಮುಖದಲ್ಲಿ ಹೇಗೆ ಇರಬಲ್ಲವೆಂಬುದು ನನಗೆ ಆಗ ಅರ್ಥವಾಗಿರಲಿಲ್ಲ. ನನಗೆ ಗೊತ್ತಿದ್ದ ಏಕೈಕ ಮದ್ದು ತವರಿನ ಕೊಬ್ಬರಿ ಎಣ್ಣೆ. ಅದನ್ನು ಮಳೆಗಾಲದ ಎರಡು ತಿಂಗಳು ಪ್ರತಿ ರಾತ್ರಿ ತಪ್ಪದೆ ಹಚ್ಚಿದೆ. ಆಗಸ್ಟ್ ಮುಗಿಯುವ ಹೊತ್ತಿಗೆ ಹಣೆಯ ತುಂಬ ಸಾಸಿವೆಯಂಥ ಗುಳ್ಳೆಗಳು ಎದ್ದವು. ಕೊಬ್ಬರಿ ಎಣ್ಣೆ ಕೆಟ್ಟದ್ದೆಂದು ನಾನು ಹೇಳುತ್ತಿಲ್ಲ, ತಲೆಗೂದಲಿಗೂ ಒಡೆದ ಕೈಗಳಿಗೂ ಅದನ್ನು ಇಂದಿಗೂ ಬಳಸುತ್ತೇನೆ. ಆದರೆ ಅದು ರಂಧ್ರಗಳನ್ನು ಮುಚ್ಚುವ ಗುಣವುಳ್ಳ ಎಣ್ಣೆ. ಜಿಡ್ಡಿನ ಚರ್ಮದ ಮೇಲೆ, ಅದರಲ್ಲೂ ಗೋಡೆಯೇ ಬೆವರುವ ನಮ್ಮ ಮಳೆಗಾಲದಲ್ಲಿ, ಅದು ಮುಖಕ್ಕೆ ಹೇಳಿದ ವಸ್ತುವಲ್ಲ.

ಎರಡನೆಯ ತಪ್ಪು ಹೆಚ್ಚು ದುಬಾರಿಯಾಯಿತು. ಮಾಲಿನ್ಯದಿಂದ ರಕ್ಷಣೆ ಕೊಡುವುದೆಂದು ಡಬ್ಬಿಯ ಮೇಲೆ ದೊಡ್ಡದಾಗಿ ಬರೆದಿದ್ದ ಕ್ರೀಮೊಂದಕ್ಕೆ ಒಂದೂವರೆ ಸಾವಿರ ರೂಪಾಯಿ ತೆತ್ತೆ. ಮುಚ್ಚಳ ತೆರೆದರೆ ಮಲ್ಲಿಗೆಯ ದಂಡೆಯನ್ನೇ ಮೂಗಿಗೆ ಹಿಡಿದಂತಿತ್ತು. ಮೂರನೆಯ ರಾತ್ರಿಗೆ ಕೆನ್ನೆ ಉರಿಯತೊಡಗಿತು, ಒಂದು ವಾರಕ್ಕೆ ಕೆಂಪಾಯಿತು, ಕೆಂಪು ಇಳಿದ ಮೇಲೆ ಬಂಗು ಮೊದಲಿಗಿಂತ ಒಂದು ಛಾಯೆ ಗಾಢವಾಗಿತ್ತು. ನಮ್ಮಂಥ ಕಂದು ಮೈಬಣ್ಣದವರಲ್ಲಿ ಉರಿ ಎದ್ದಲ್ಲೆಲ್ಲ ಕಪ್ಪು ಉಳಿಯುತ್ತದೆಂದು ಆಮೇಲೆ ಚರ್ಮವೈದ್ಯರು ತಿಳಿಸಿದರು. ಕಪ್ಪನ್ನು ಕಳೆಯಲು ಹೊರಟವರು ಮೊದಲು ಉರಿಯನ್ನು ತಪ್ಪಿಸಬೇಕೆಂಬ ಆ ಒಂದು ಮಾತಿನಿಂದ ನನ್ನ ಆಯ್ಕೆಯ ದಾರಿಯೇ ಬದಲಾಯಿತು.

ವೈದ್ಯರಿಂದ ಕೇಳಿ, ಸ್ವಲ್ಪ ಓದಿ ನಾನು ತಿಳಿದುಕೊಂಡ ಸಂಗತಿ ಹೀಗಿದೆ. ಗಾಳಿಯಲ್ಲಿರುವ ಅತಿಸೂಕ್ಷ್ಮ ಕಣಗಳು, ಅಂದರೆ ಪಿಎಂ 2.5 ಎಂದು ಕರೆಯುವಂಥವು, 2.5 ಮೈಕ್ರಾನ್ ಅಥವಾ ಅದಕ್ಕಿಂತ ಚಿಕ್ಕವು. ನಮ್ಮ ಕೂದಲೆಳೆಯ ದಪ್ಪದ ಇಪ್ಪತ್ತರಲ್ಲಿ ಒಂದು ಪಾಲೂ ಇಲ್ಲ. ಡೀಸೆಲ್ಲಿನ ಮಸಿ ತನ್ನೊಂದಿಗೆ ಹೊತ್ತು ತರುವ ಕೆಲವು ರಾಸಾಯನಿಕಗಳು ಚರ್ಮದ ಜಿಡ್ಡಿನಲ್ಲಿ ಕರಗಬಲ್ಲವು. ಅವು ಚರ್ಮದ ಜೀವಕೋಶಗಳನ್ನು ಕೆರಳಿಸುತ್ತವೆ, ಬಣ್ಣ ತಯಾರಿಸುವ ಕೋಶಗಳನ್ನೂ ಬಡಿದೆಬ್ಬಿಸುತ್ತವೆ. ನಮ್ಮ ಜಿಡ್ಡಿನಲ್ಲೇ ಇರುವ ಸ್ಕ್ವಾಲೀನ್ ಎಂಬ ಕೊಬ್ಬು ಓಜೋನ್ ಮತ್ತು ಬಿಸಿಲಿನ ಸಂಪರ್ಕದಲ್ಲಿ ಹಳಸುತ್ತದೆ. ಹಳಸಿದ ಎಣ್ಣೆ ಬಾಣಲೆಗೆ ಹೇಗೆ ಒಳ್ಳೆಯದಲ್ಲವೋ ಮುಖಕ್ಕೂ ಹಾಗೆಯೇ. ಜರ್ಮನಿಯಲ್ಲಿ 400 ಮಂದಿ ವಯಸ್ಸಾದ ಮಹಿಳೆಯರನ್ನು ಪರೀಕ್ಷಿಸಿ 2010ರಲ್ಲಿ ಪ್ರಕಟಿಸಿದ ಅಧ್ಯಯನವೊಂದು ವಾಹನಗಳ ಮಸಿಗೆ ಹೆಚ್ಚು ಒಡ್ಡಿಕೊಂಡವರ ಹಣೆ ಮತ್ತು ಕೆನ್ನೆಗಳ ಮೇಲೆ ಕಪ್ಪು ಕಲೆಗಳು ಹೆಚ್ಚಿದ್ದುದನ್ನು ಗುರುತಿಸಿತ್ತು. ಅವರು ಬಿಳಿಯ ಮೈಬಣ್ಣದವರು, ನಮ್ಮ ಲೆಕ್ಕ ಅದೇ ಆಗಿರಬೇಕೆಂದಿಲ್ಲ. ಆದರೂ ಕನ್ನಡಿಯಲ್ಲಿ ನಾನು ನೋಡುತ್ತಿದ್ದುದು ಕೇವಲ ಬಿಸಿಲಿನ ಫಲವಲ್ಲವೆಂಬ ಅನುಮಾನಕ್ಕೆ ಅದರಿಂದ ಆಧಾರ ಸಿಕ್ಕಿತು.

ಹಾಗಿದ್ದರೆ ರಾತ್ರಿ ಹಚ್ಚುವ ಕ್ರೀಮು ಹಗಲಿನ ಧೂಳನ್ನು ತಡೆಯುವುದು ಹೇಗೆ? ತಡೆಯುವುದಿಲ್ಲ. ಹಗಲಿನ ಕಾವಲು ಮುಖಕ್ಕೆ ಸುತ್ತಿದ ಬಟ್ಟೆಯದು, ಹೆಲ್ಮೆಟ್ಟಿನ ಗಾಜಿನದು, ಎಸ್‌ಪಿಎಫ್ 30ಕ್ಕೆ ಕಡಿಮೆಯಿಲ್ಲದ ಸನ್‌ಸ್ಕ್ರೀನಿನದು. ರಾತ್ರಿಯ ಕ್ರೀಮಿನ ಪಾಲಿಗಿರುವುದು ದುರಸ್ತಿಯ ಕೆಲಸ. ಚರ್ಮದ ಹೊರಪದರವನ್ನು ನಮ್ಮ ಕಡೆಯ ಜಂಬಿಟ್ಟಿಗೆಯ ಗೋಡೆಗೆ ಹೋಲಿಸಬಹುದು: ಸತ್ತ ಕೋಶಗಳು ಇಟ್ಟಿಗೆಗಳು, ಅವುಗಳ ನಡುವಿನ ಕೊಬ್ಬು ಗಾರೆ. ಆ ಗಾರೆಯಲ್ಲಿ ಸುಮಾರು ಅರ್ಧ ಪಾಲು ಸೆರಮೈಡ್ ಎಂಬ ಕೊಬ್ಬು, ಉಳಿದದ್ದು ಬಹುಪಾಲು ಕೊಲೆಸ್ಟರಾಲ್ ಮತ್ತು ಕೊಬ್ಬಿನಾಮ್ಲಗಳು. ಗಾರೆ ಉದುರಿದಲ್ಲಿ ಒಳಗಿನ ನೀರು ಹೊರಗೆ ಹೋಗುತ್ತದೆ, ಹೊರಗಿನ ಕೊಳೆ ಒಳಗೆ ಇಳಿಯುತ್ತದೆ. ಚರ್ಮದಿಂದ ಆವಿಯಾಗುವ ನೀರಿನ ಪ್ರಮಾಣ ಹಗಲಿಗಿಂತ ರಾತ್ರಿ ಹೆಚ್ಚು. ಆದುದರಿಂದ ಮಲಗುವ ಮುನ್ನ ಗೋಡೆಗೆ ಗಾರೆ ಹಾಕಿಟ್ಟರೆ ಮರುದಿನದ ಧೂಳಿಗೆ ಬಿರುಕು ಸಿಗುವುದಿಲ್ಲ. ಜಿಡ್ಡು ಮತ್ತು ಬಿಗಿತ ಒಟ್ಟಿಗೆ ಇದ್ದುದರ ಗುಟ್ಟೂ ಇದೇ: ಜಿಡ್ಡು ಗ್ರಂಥಿಯಿಂದ ಬರುವಂಥದು, ಗಾರೆಯ ಕೊರತೆಯನ್ನು ಅದು ತುಂಬಿಕೊಡುವುದಿಲ್ಲ.

ನನ್ನ ಗಾರೆಯನ್ನು ಉದುರಿಸುತ್ತಿದ್ದವಳು ನಾನೇ ಎಂಬುದು ತಿಳಿದಾಗ ನಾಚಿಕೆಯಾಯಿತು. ಧೂಳಿನ ಮೇಲಿನ ಸಿಟ್ಟಿನಲ್ಲಿ ದಿನಕ್ಕೆ ಮೂರು ಬಾರಿ ಮೈಸೋಪಿನಿಂದ ಮುಖ ತೊಳೆಯುತ್ತಿದ್ದೆ, ವಾರಕ್ಕೆರಡು ಬಾರಿ ಕಡಲೆಹಿಟ್ಟಿನಿಂದ ಗಸಗಸ ತಿಕ್ಕುತ್ತಿದ್ದೆ. ಸಾಮಾನ್ಯ ಸೋಪಿನ ಪಿಎಚ್, ಅಂದರೆ ಆಮ್ಲ-ಕ್ಷಾರದ ಅಳತೆ, 9ರಿಂದ 10ರವರೆಗೆ ಇರುತ್ತದೆ, ಚರ್ಮದ್ದು 5ರ ಆಸುಪಾಸು; ಸೋಪಿನ ಆ ಕ್ಷಾರಕ್ಕೆ ಗಾರೆ ಸಡಿಲವಾಗುತ್ತದೆ. ಈಗ ಸಂಜೆ ಬಂದೊಡನೆ ಒಂದು ಬಾರಿ ಸೌಮ್ಯವಾದ ಫೇಸ್‌ವಾಶ್ ಬಳಸಿ, ಉಗುರುಬೆಚ್ಚಗಿನ ನೀರಿನಲ್ಲಿ, ಬೆರಳಿನ ತುದಿಗಳಿಂದ ಮಾತ್ರ ತೊಳೆಯುತ್ತೇನೆ. ಬೆಳಿಗ್ಗೆ ಬರೀ ನೀರು. ಯಾವ ಕ್ರೀಮನ್ನೂ ಬದಲಿಸದೆ ಇಷ್ಟನ್ನೇ ಮಾಡಿದ ಮೂರು ವಾರಗಳಲ್ಲಿ ಬಿಗಿತ ಅರ್ಧಕ್ಕಿಳಿಯಿತು. ಕೊಳೆ ತುಂಬಿದ ಮುಖಕ್ಕೆ ಎಷ್ಟು ಒಳ್ಳೆಯ ಕ್ರೀಮು ಹಚ್ಚಿದರೂ ಅದು ಕೊಳೆಯನ್ನು ಚರ್ಮಕ್ಕೆ ಅಂಟಿಸುವ ಕೆಲಸವನ್ನಷ್ಟೇ ಮಾಡುತ್ತದೆ.

ಇನ್ನು ಆಯ್ಕೆಯ ವಿಷಯ. ಅಂಗಡಿಯಲ್ಲಿ ಡಬ್ಬಿಯ ಮುಂಭಾಗವನ್ನು ಓದುವುದನ್ನು ನಿಲ್ಲಿಸಿ ಹಿಂಭಾಗವನ್ನು ಓದತೊಡಗಿದೆ. ನಮ್ಮ ದೇಶದ 2020ರ ಸೌಂದರ್ಯವರ್ಧಕ ನಿಯಮಗಳ ಪ್ರಕಾರ ಶೇಕಡಾ 1ಕ್ಕಿಂತ ಹೆಚ್ಚಿರುವ ಘಟಕಗಳನ್ನು ಪ್ರಮಾಣದ ಇಳಿಕೆಯ ಕ್ರಮದಲ್ಲಿ ಮುದ್ರಿಸಬೇಕು. ಶೇಕಡಾ 1 ಅಥವಾ ಅದಕ್ಕಿಂತ ಕಡಿಮೆ ಇರುವವನ್ನು ಕೊನೆಯಲ್ಲಿ ಹೇಗೆ ಬೇಕಾದರೂ ಬರೆಯಬಹುದು. ಲೆಕ್ಕಪತ್ರದವಳಾದ ನನಗೆ ಇದು ಒಗ್ಗಿದ ಓದು. ಮುಂಭಾಗದಲ್ಲಿ ಜಂಬ ಕೊಚ್ಚಿದ ಗಿಡಮೂಲಿಕೆಯ ಸಾರ ಪಟ್ಟಿಯಲ್ಲಿ ಸುಗಂಧದ ನಂತರ, ಸಂರಕ್ಷಕದ ನಂತರ ಬಂದಿದ್ದರೆ ಅದು ಜಮಾಖರ್ಚಿನಲ್ಲಿ ಚಿಲ್ಲರೆ ಬಾಬ್ತು ಎಂದೇ ಅರ್ಥ.

ನಾನು ಹುಡುಕಿದ್ದು ನೀರು ಮೊದಲ ಸ್ಥಾನದಲ್ಲಿ, ಗ್ಲಿಸರಿನ್ ಎರಡನೆಯ ಅಥವಾ ಮೂರನೆಯ ಸ್ಥಾನದಲ್ಲಿ ಇರುವ ಪಟ್ಟಿಯನ್ನು. ಗ್ಲಿಸರಿನ್ ಹಳೆಯ ವಸ್ತು, ಅಗ್ಗದ ವಸ್ತು, ಹಾಗಾಗಿಯೇ ಯಾರೂ ಅದರ ಹೆಸರನ್ನು ಜಾಹೀರಾತಿನಲ್ಲಿ ಕೂಗುವುದಿಲ್ಲ. ಆದರೆ ತೇವ ಹಿಡಿದಿಡುವುದರಲ್ಲಿ ಅದನ್ನು ಮೀರಿಸುವ ಹೊಸ ಹೆಸರುಗಳು ನನಗೆ ಸಿಕ್ಕಿಲ್ಲ. ಆಮೇಲೆ ನಯಾಸಿನಮೈಡ್. ಇದು ವಿಟಮಿನ್ ಬಿ3ರ ಒಂದು ರೂಪ; ಚರ್ಮ ತನ್ನ ಸೆರಮೈಡನ್ನು ತಾನೇ ಹೆಚ್ಚಿಸಿಕೊಳ್ಳಲು ನೆರವಾಗುತ್ತದೆ, ಬಣ್ಣದ ಕಣಗಳು ಮೇಲಿನ ಕೋಶಗಳಿಗೆ ಸಾಗುವುದನ್ನು ತಗ್ಗಿಸುತ್ತದೆ. ಶೇಕಡಾ 4ರಿಂದ 5 ಇದ್ದರೆ ಸಾಕು; ಶೇಕಡಾ 10ರದ್ದನ್ನು ತಂದು ನೋಡಿದೆ, ಮೂಗಿನ ಪಕ್ಕ ಚುರುಗುಟ್ಟಿತು, ತಂಗಿಗೆ ಕೊಟ್ಟೆ, ಅವಳಿಗೆ ಏನೂ ಆಗಲಿಲ್ಲ. ಅದರ ಜೊತೆಗೆ ಸೆರಮೈಡ್, ಸ್ವಲ್ಪ ಸ್ಕ್ವಾಲೇನ್ ಅಥವಾ ಡೈಮೆಥಿಕೋನ್ ಎಂಬ ಸಿಲಿಕೋನ್, ವಿಟಮಿನ್ ಇ. ಸ್ಕ್ವಾಲೇನ್ ಎಂಬುದು ಹಳಸುವ ಸ್ಕ್ವಾಲೀನಿನ ಹಳಸದ ರೂಪ. ಒಂದು ಅಕ್ಷರದ ವ್ಯತ್ಯಾಸವನ್ನು ಗಮನಿಸಿ ಓದಬೇಕು. ಸುಗಂಧವಿದ್ದರೆ ಡಬ್ಬಿಯನ್ನು ಅಲ್ಲೇ ಇಟ್ಟುಬಿಡುತ್ತಿದ್ದೆ. ಒಮ್ಮೆ ದಪ್ಪನೆಯ ಕ್ರೀಮೊಂದರ ಪಟ್ಟಿಯಲ್ಲಿ ‘ಗಾರ್ಸೀನಿಯಾ ಇಂಡಿಕಾ’ ಎಂಬ ಹೆಸರು ಕಂಡು ವಿದೇಶಿ ವಸ್ತುವಿರಬೇಕೆಂದು ಹುಡುಕಿ ನೋಡಿದರೆ, ಅದು ಅಮ್ಮ ಪ್ರತಿ ಚಳಿಗಾಲದಲ್ಲಿ ಹಿಮ್ಮಡಿಗೆ ಹಚ್ಚುವ ಮುರುಗಲು ತುಪ್ಪ! ಒಡೆದ ಹಿಮ್ಮಡಿಗೆ ಅದಕ್ಕಿಂತ ಒಳ್ಳೆಯದು ನನಗೆ ಗೊತ್ತಿಲ್ಲ. ಮುಖಕ್ಕೆ ಮಾತ್ರ ಅದು ಕಂಬಳಿ ಹೊದೆಸಿದಂತಾಗುತ್ತದೆ.

ಹಗುರ ಎಂಬುದನ್ನು ಡಬ್ಬಿಯ ಮಾತಿನಿಂದ ನಂಬಬಾರದು, ಅಳೆದು ನೋಡಬೇಕು. ನನ್ನ ಅಳತೆ ಸರಳವಾದದ್ದು. ಮುಂಗೈಗೆ ಕಡಲೆಕಾಳಿನಷ್ಟು ಹಚ್ಚಿ ಹತ್ತು ನಿಮಿಷ ಬಿಟ್ಟು, ಹಳೆಯ ದಿನಪತ್ರಿಕೆಯ ಅಂಚಿನ ಖಾಲಿ ಚೂರೊಂದನ್ನು ಅದರ ಮೇಲೆ ಒತ್ತಿ ಬೆಳಕಿಗೆ ಹಿಡಿಯುವುದು. ಬೋಂಡ ಕಟ್ಟಿದ ಕಾಗದದಂತೆ ಅದು ಪಾರದರ್ಶಕವಾದರೆ ಆ ಕ್ರೀಮು ನನ್ನ ಮಳೆಗಾಲಕ್ಕೆ ಆಗದು. ಈ ಪರೀಕ್ಷೆಯಲ್ಲಿ ಗೆದ್ದದ್ದನ್ನು ಕಿವಿಯ ಹಿಂದೆ ಏಳು ರಾತ್ರಿ ಹಚ್ಚಿ, ಉರಿ ತುರಿಕೆ ಇಲ್ಲವೆಂದು ಖಚಿತವಾದ ಮೇಲೆ ಮುಖದ ಎಡಭಾಗಕ್ಕೆ ಮಾತ್ರ ಎರಡು ವಾರ ಹಚ್ಚುತ್ತಿದ್ದೆ, ಬಲಭಾಗಕ್ಕೆ ಹಳೆಯದು. ಒಂದೇ ಬಾರಿಗೆ ಎರಡು ಹೊಸ ವಸ್ತುಗಳನ್ನು ಶುರು ಮಾಡಿದರೆ ಗುಳ್ಳೆ ಎದ್ದಾಗ ತಪ್ಪಿತಸ್ಥ ಯಾರೆಂದು ತಿಳಿಯುವುದಿಲ್ಲ. ಹೀಗೆ ಐದು ಬಗೆಗಳನ್ನು ನೋಡಿ ಒಂದರ ಮೇಲೆ ನಿಂತೆ. ಅದು 50 ಗ್ರಾಮಿನ ಟ್ಯೂಬು, ನಾನೂರು ರೂಪಾಯಿಯ ಒಳಗೆ. ಬೆರಳು ಅದ್ದುವ ಡಬ್ಬಿಗಿಂತ ಟ್ಯೂಬು ಮೇಲು, ಏಕೆಂದರೆ ನಮ್ಮ ತೇವದ ಗಾಳಿಯಲ್ಲಿ ಡಬ್ಬಿಗೆ ಬೂಸ್ಟು ತಗಲುವ ಭಯವಿರುತ್ತದೆ.

ಒಂದೇ ಕ್ರೀಮು ವರ್ಷವಿಡೀ ನಡೆಯುವುದಿಲ್ಲವೆಂಬುದನ್ನು ತವರುಮನೆ ಕಲಿಸಿತು. ನನ್ನ ತವರು ತೀರ್ಥಹಳ್ಳಿ ತಾಲ್ಲೂಕಿನಲ್ಲಿ, ಆಗುಂಬೆಯ ದಿಕ್ಕಿಗಿದೆ. ಆಗುಂಬೆಯಲ್ಲಿ ವರ್ಷಕ್ಕೆ 7,000 ಮಿಲಿಮೀಟರಿಗೂ ಹೆಚ್ಚು ಮಳೆ ಬೀಳುತ್ತದೆ. ಜುಲೈನಲ್ಲಿ ಅಲ್ಲಿ ಉಪ್ಪಿನ ಭರಣಿಯೇ ನೀರೊಡೆಯುವಾಗ ನನ್ನ ಟ್ಯೂಬಿನ ಅರ್ಧ ಕಡಲೆಕಾಳಿನಷ್ಟೇ ಸಾಕಾಗುತ್ತಿತ್ತು. ದೀಪಾವಳಿ ಕಳೆದು ಅಡಿಕೆ ಕೊಯ್ಲಿಗೆ ಹೋದಾಗ ಲೆಕ್ಕ ತಲೆಕೆಳಗಾಯಿತು. ರಾತ್ರಿಯ ಚಳಿ, ಒಣಗಾಳಿ, ಅಂಗಳದಲ್ಲಿ ಅಡಿಕೆ ಬೇಯಿಸುವ ಚೊಗರಿನ ಹಂಡೆಯ ಕೆಳಗೆ ಹೊತ್ತಿದ ಸೌದೆ. ಆ ಹೊಗೆಯಲ್ಲಿರುವುದೂ ಅದೇ ಸೂಕ್ಷ್ಮ ಕಣಗಳು, ಅದೇ ಮಸಿ. ಭದ್ರಾವತಿ ರಸ್ತೆಯನ್ನು ಬಿಟ್ಟು ಬಂದೆನೆಂದು ಸಮಾಧಾನಪಡುವ ಹಾಗಿರಲಿಲ್ಲ. ಆ ವಾರ ತೆಳುವಾದ ಜೆಲ್ಲಿನಂಥ ಕ್ರೀಮು ಸಾಲದೆ ಬಾಯಿಯ ಸುತ್ತ ಸಿಪ್ಪೆ ಎದ್ದಿತು. ಅಂದಿನಿಂದ ನವೆಂಬರಿನಿಂದ ಫೆಬ್ರವರಿಯವರೆಗೆ ಅದೇ ಕ್ರೀಮನ್ನು ಮುಖ ಇನ್ನೂ ಹಸಿಯಾಗಿರುವಾಗಲೇ ಹಚ್ಚಿ, ಕೆನ್ನೆ ಮತ್ತು ಬಾಯಿಯ ಸುತ್ತ ಮಾತ್ರ ಸೆರಮೈಡ್ ಹೆಚ್ಚಿರುವ ಲೋಷನ್ನಿನ ಇನ್ನೊಂದು ಪದರ ಕೊಡುತ್ತೇನೆ. ಹಣೆಗೆ ಬೇಡ.

ಅಮ್ಮನಿಗೆ ಇದೆಲ್ಲ ವಿಚಿತ್ರವಾಗಿ ಕಂಡಿತು. ಟ್ಯೂಬನ್ನು ಹಿಂಡಿ ನೋಡಿ, “ಎಂತದೇ ಇದು, ನೀರಿನ ಹಾಗಿದೆ. ಇದಕ್ಕೆ ನಾನೂರು ರೂಪಾಯಿಯಾ ಮಾರಾಯ್ತಿ?” ಎಂದರು.

ಒಂದು ಎಚ್ಚರಿಕೆಯನ್ನು ಬಿಡುವ ಹಾಗಿಲ್ಲ. ನಮ್ಮ ಪ್ಯಾಕಿಂಗ್ ವಿಭಾಗದ ಹುಡುಗಿಯೊಬ್ಬಳು ಒಂದು ದಿನ ತನ್ನ ಟ್ಯೂಬನ್ನು ತೋರಿಸಿ, “ಅಕ್ಕ, ಇದೂ ರಾತ್ರಿ ಕ್ರೀಮೇ ಅಲ್ವಾ?” ಎಂದು ಕೇಳಿದಳು. ಪರಿಚಯದವರು ಹೇಳಿದರೆಂದು ಆರು ತಿಂಗಳಿನಿಂದ ಹಚ್ಚುತ್ತಿದ್ದಳಂತೆ. ಮೊದಲ ತಿಂಗಳು ಮುಖ ಬೆಳ್ಳಗಾಗಿತ್ತು, ಈಗ ಬಿಸಿಲಿಗೆ ಹೋದರೆ ಕೆಂಪಾಗಿ ಉರಿಯುತ್ತಿತ್ತು, ಕೆನ್ನೆಯ ಮೇಲೆ ನವಿರು ಕೂದಲು ಬಂದಿತ್ತು. ಪೆಟ್ಟಿಗೆಯ ಮೇಲೆ ಕೆಂಪು ಗೆರೆಯ ಚೌಕದೊಳಗೆ ಎಚ್ಚರಿಕೆ ಇತ್ತು, ಒಳಗಿದ್ದದ್ದು ಸ್ಟೀರಾಯ್ಡ್, ಚರ್ಮದ ಬಣ್ಣ ತಗ್ಗಿಸುವ ಹೈಡ್ರೋಕ್ವಿನೋನ್ ಮತ್ತು ಹಳೆಯ ಪದರವನ್ನು ಬೇಗ ಕಳಚುವ ಟ್ರೆಟಿನಾಯಿನ್‌ಗಳ ಮಿಶ್ರಣ. ಅದು ವೈದ್ಯರ ಚೀಟಿಯ ಮೇಲೆ ಕೆಲವು ವಾರಗಳ ಮಟ್ಟಿಗೆ ಕೊಡುವ ಔಷಧ, ಮಾಯಿಶ್ಚರೈಸರ್ ಅಲ್ಲವೇ ಅಲ್ಲ. ಸ್ಟೀರಾಯ್ಡನ್ನು ಏಕಾಏಕಿ ಬಿಟ್ಟರೂ ಮುಖ ಕೆರಳುವುದರಿಂದ ಅವಳನ್ನು ಚರ್ಮವೈದ್ಯರ ಬಳಿಗೆ ನಾನೇ ಕರೆದುಕೊಂಡು ಹೋದೆ. ಸರಿಹೋಗಲು ಹತ್ತಿರ ಹತ್ತಿರ ಒಂದು ವರ್ಷ ಹಿಡಿಯಿತು.

ನನ್ನ ಬಂಗು ಪೂರ್ತಿ ಹೋಗಿಲ್ಲ. ಸನ್‌ಸ್ಕ್ರೀನ್ ತಪ್ಪಿಸಿದ ವಾರದಲ್ಲಿ ಅದು ಮತ್ತೆ ಮುಖ ತೋರಿಸುತ್ತದೆ, ಅದಕ್ಕೆ ರಾತ್ರಿಯ ಟ್ಯೂಬಿನಲ್ಲಿ ಉತ್ತರವಿಲ್ಲ. ಆದರೆ ತೊಳೆದ ಮೇಲಿನ ಬಿಗಿತ ಹೋಗಿದೆ, ಹಣೆಯ ಗುಳ್ಳೆಗಳು ಮರಳಿ ಬಂದಿಲ್ಲ, ಬೆಳಿಗ್ಗೆ ದಿಂಬಿನ ಚೀಲದ ಮೇಲೆ ಎಣ್ಣೆಯ ಕಲೆ ಕಾಣುವುದಿಲ್ಲ. ಕಳೆದ ಸಲ ತವರಿನಿಂದ ಹೊರಟಾಗ ಚೀಲದಲ್ಲಿ ಟ್ಯೂಬು ಇರಲಿಲ್ಲ. ಫೋನ್ ಮಾಡಿ ಕೇಳಿದರೆ, ಅಡಿಕೆ ಸುಲಿದು ಚೊಗರು ಹತ್ತಿದ ಕೈಗೆ ರಾತ್ರಿ ಹಚ್ಚಿಕೊಳ್ಳಲು ಚೆನ್ನಾಗಿದೆ, ಅಂಟುವುದಿಲ್ಲ, ಬರುವಾಗ ಇನ್ನೊಂದನ್ನು ತಂದುಬಿಡು ಎಂದು ಅಮ್ಮ ಹೇಳಿದರು.