ಮಾವನ ಪೆಟ್ಟಿಗೆಯ ತೂತಿನ ಪಟ್ಟಿ: ಹಳೆಯ ಉಪಕರಣವೊಂದನ್ನು ಗುರುತಿಸುವ ಬಗೆ

ನನ್ನ ಸೋದರಮಾವ ಸಾಗರದಲ್ಲಿ ನಲವತ್ತು ವರ್ಷಕ್ಕೂ ಮೇಲೆ ಚಿನ್ನದ ಕೆಲಸ ಮಾಡಿದವರು. ಕಳೆದ ವರ್ಷ ಅವರು ತೀರಿಕೊಂಡ ಮೇಲೆ ಅವರ ಕೆಲಸದ ಪೆಟ್ಟಿಗೆ ನಮ್ಮ ಮನೆಗೆ ಬಂತು. ಊದುಗೊಳವೆ, ಚಿಮಟ, ಒರೆಗಲ್ಲು, ನಾಲ್ಕಾರು ಅರ, ಬಿಳಿಗಾರ ತೇಯುವ ಕಲ್ಲು, ಇವೆಲ್ಲ ಚಿಕ್ಕಂದಿನಿಂದ ನೋಡಿದ್ದೇ. ಏನೆಂದು ತಿಳಿಯದೆ ಉಳಿದದ್ದು ಒಂದೇ ಒಂದು: ಗೇಣಿಗಿಂತ ತುಸು ಚಿಕ್ಕದಾದ ಉಕ್ಕಿನ ಪಟ್ಟಿ. ಒಂದು ತುದಿ ಹಿಡಿಕೆಯ ಹಾಗೆ ಸಣ್ಣಗಾಗಿದೆ. ಉದ್ದಕ್ಕೂ ಎರಡು ಸಾಲು ತೂತುಗಳು, ಒಂದಕ್ಕಿಂತ ಒಂದು ಕಿರಿದು. ತೂತುಗಳ ಪಕ್ಕದಲ್ಲಿ ಅಂಕಿ ಹೊಡೆದಿದ್ದಾರೆ.

ಅದನ್ನು ಗುರುತಿಸಲು ನನಗೆ ಮೂರು ವಾರ ಹಿಡಿಯಿತು. ನಿಮ್ಮ ಅಜ್ಜನದೋ ದೊಡ್ಡಪ್ಪನದೋ ಪೆಟ್ಟಿಗೆಯಲ್ಲಿ ಇಂಥದ್ದು ಸಿಕ್ಕಿದ್ದರೆ ಈ ದಾರಿ ನಿಮಗೂ ಆದೀತು.

ಮೊದಲನೆಯದಾಗಿ, ತೊಳೆಯಬೇಡಿ. ಹುಣಿಸೆಹಣ್ಣು, ನಿಂಬೆಹಣ್ಣು ಹಾಕಿ ಉಜ್ಜುವ ಕೈ ನಮ್ಮದು, ಅದನ್ನು ತಡೆಯಿರಿ. ಹುಳಿ ಉಕ್ಕನ್ನು ತಿನ್ನುತ್ತದೆ, ತೆಳ್ಳಗೆ ಹೊಡೆದ ಅಂಕಿ, ಮುದ್ರೆ ಅಳಿಸಿಹೋಗುತ್ತವೆ. ಬಿಳಿ ಕಾಗದ ಹಾಸಿ, ಅದರ ಮೇಲೆ ಒಣ ಬ್ರಷ್‌ನಿಂದ ಮೆಲ್ಲಗೆ ತಟ್ಟಿ. ಉದುರಿದ್ದನ್ನು ಪೊಟ್ಟಣ ಕಟ್ಟಿಡಿ. ಅಕ್ಕಸಾಲಿಗರ ಅಂಗಡಿಯ ಬೂದಿ, ಕಸವನ್ನೇ ದುಡ್ಡು ಕೊಟ್ಟು ಕೊಂಡು, ತೊಳೆದು ಚಿನ್ನ ತೆಗೆಯುವವರಿದ್ದಾರೆ. ಅಲ್ಲಿಯ ದೂಳಿಗೂ ಬೆಲೆಯಿದೆ. ತೂತಿನೊಳಗೆ ಮೇಣ, ಅರಗು, ಎಣ್ಣೆಯ ಜಿಡ್ಡು ಏನಾದರೂ ಇದ್ದರೆ ಅದನ್ನೂ ಬರೆದಿಟ್ಟುಕೊಳ್ಳಿ. ಜೊತೆಗೆ, ಪೆಟ್ಟಿಗೆಯ ಯಾವ ಅರೆಯಲ್ಲಿ, ಯಾವುದರ ಪಕ್ಕದಲ್ಲಿ ಇತ್ತು ಎಂಬುದನ್ನೂ ಒಂದು ಫೋಟೊ ತೆಗೆದಿಡಿ. ಕೆಲಸಗಾರ ಒಟ್ಟಿಗೆ ಬಳಸುವುದನ್ನು ಒಟ್ಟಿಗೇ ಇಡುತ್ತಾನೆ.

ಸಾಲು ತೂತಿನ ಪಟ್ಟಿ ನೋಡಿದ ಕೂಡಲೇ ಎಲ್ಲರೂ ಹೇಳುವುದು ಕಂಬಚ್ಚು ಎಂದು, ಅಂದರೆ ತಂತಿ ಎಳೆಯುವ ಅಚ್ಚು. ನಾನೂ ಹಾಗೇ ಅಂದುಕೊಂಡಿದ್ದೆ. ಕಂಬಚ್ಚಿನಲ್ಲಿ ತಂತಿಯ ತುದಿಯನ್ನು ಅರದಿಂದ ಮೊನೆ ಮಾಡಿ, ಹಿಂಬದಿಯಿಂದ ತೂರಿಸಿ, ಮುಂಬದಿಯಲ್ಲಿ ಇಕ್ಕಳದಿಂದ ಹಿಡಿದು ಎಳೆಯುತ್ತಾರೆ. ಒಂದು ತೂತಾದ ಮೇಲೆ ಅದಕ್ಕಿಂತ ಕಿರಿದು, ಆಮೇಲೆ ಇನ್ನೂ ಕಿರಿದು. ಎಳೆದಷ್ಟೂ ತಂತಿ ಗಡಸಾಗುತ್ತದೆ, ಆದ್ದರಿಂದ ನಡುನಡುವೆ ಕಾಸಿ ಮೆದು ಮಾಡಬೇಕು. ಸಲೀಸಾಗಿ ಜಾರಲೆಂದು ಮೇಣ ಸವರುತ್ತಾರೆ. ಹೀಗಾಗಿ ಕಂಬಚ್ಚಿನ ತೂತು ಆಲಿಕೆಯ ಹಾಗಿರುತ್ತದೆ: ತಂತಿ ಒಳಹೋಗುವ ಬದಿ ಅಗಲ, ಹೊರಬರುವ ಬದಿ ಕಿರಿದು. ಪಟ್ಟಿಯನ್ನು ತಿರುಗಿಸಿ ಎರಡೂ ಬದಿಯ ತೂತು ಹೋಲಿಸಿದರೆ ಬರಿಗಣ್ಣಿಗೇ ಕಾಣುತ್ತದೆ. ನನ್ನ ಕೈಯಲ್ಲಿದ್ದದ್ದರ ಎರಡೂ ಬದಿ ಒಂದೇ ಅಳತೆ. ಅಲ್ಲಿಗೆ ಕಂಬಚ್ಚಿನ ಮಾತು ಮುಗಿಯಿತು.

ತಂತಿಯ ದಪ್ಪ ಅಳೆಯುವ ಗೇಜೂ ದೂರದಿಂದ ಹೀಗೇ ಕಾಣುತ್ತದೆ. ಆದರೆ ಅದರಲ್ಲಿ ಅಂಚಿನಿಂದ ಸೀಳು ಬಂದು ದುಂಡು ತೂತಿನಲ್ಲಿ ಮುಗಿಯುತ್ತದೆ. ಅಳೆಯುವುದು ಸೀಳಿನಲ್ಲಿ, ತೂತಿನಲ್ಲಲ್ಲ. ಅಂಕಿ ಹೆಚ್ಚಿದಷ್ಟೂ ತಂತಿ ತೆಳು: ಸ್ಟ್ಯಾಂಡರ್ಡ್ ವೈರ್ ಗೇಜಿನಲ್ಲಿ 18ನೇ ನಂಬರ್ ಎಂದರೆ 1.22 ಮಿಲಿಮೀಟರ್, 22 ಎಂದರೆ 0.71. ಬಡಗಿಯ ಪೆಟ್ಟಿಗೆಯಲ್ಲಿ ಸಿಕ್ಕ ದಪ್ಪ ಪಟ್ಟಿಯಾದರೆ, ಬೆರಳು ಗಾತ್ರದ ನಾಲ್ಕೈದು ತೂತು, ಸುತ್ತ ಪೆಟ್ಟಿನ ಗುರುತು ಇದ್ದರೆ, ಅದು ಮರದ ಗೂಟವನ್ನು ಬಡಿದು ದುಂಡು ಮಾಡುವ ಪಟ್ಟಿ. ಕಮ್ಮಾರನ ಮನೆಯದಾಗಿ ತೂತು ಚೌಕವಾಗಿದ್ದರೆ ಮೊಳೆಯ ತಲೆ ಬಡಿಯುವುದು.

ನನ್ನದು ಇದ್ಯಾವುದೂ ಅಲ್ಲ. ಆಗ ಹೊಳೆದದ್ದು ಇಷ್ಟು: ಪಟ್ಟಿ ಏನನ್ನು ಹೋಲುತ್ತದೆ ಎಂದು ನೋಡುವ ಬದಲು, ಈ ತೂತಿನೊಳಗೆ ಏನು ಹೋಗಿ ಹೇಗಾಗಿ ಬರುತ್ತಿತ್ತು ಎಂದು ನೋಡಬೇಕು. ನೀವೂ ಮಾಡಿ. ಬಟ್ಟೆ ಸೋಪಿನಿಂದ ಕಡ್ಡಿಯಂಥ ಚೂರು ಕೆತ್ತಿ, ತೂತಿಗಿಂತ ಕೂದಲೆಳೆಯಷ್ಟು ದಪ್ಪ ಇರಲಿ, ತಿರುಗಿಸುತ್ತಾ ಮೆಲ್ಲಗೆ ಒಳಗೆ ಒತ್ತಿ. ಹಾಗೇ ತಿರುಗಿಸುತ್ತಾ ಹೊರತೆಗೆದು ಕಿಟಕಿಯ ಬೆಳಕಿಗೆ ಹಿಡಿಯಿರಿ. ನನ್ನ ಸೋಪಿನ ಚೂರಿನ ಮೈಮೇಲೆ ನೂಲು ಸುತ್ತಿದ ಹಾಗೆ ಓರೆ ಗೆರೆಗಳು ಮೂಡಿದ್ದವು, ಒಂದಕ್ಕೊಂದು ಅಂಟಿಕೊಂಡಂತೆ, ಒಂದೇ ಸಮ. ವರ್ಕ್‌ಶಾಪಿನವರ ಮಾತಿನಲ್ಲಿ ಥ್ರೆಡ್ಡು. ಎರಡು ಮೂರು ತೂತಿಗೆ ಒಂದೇ ಅಂಕಿ ಯಾಕೆ ಹೊಡೆದಿದ್ದಾರೆಂಬುದೂ ಆಗ ಗೊತ್ತಾಯಿತು: ಮೊದಲ ತೂತಿನಲ್ಲಿ ಗೆರೆ ತೇಲಿಸಿ, ಮುಂದಿನದರಲ್ಲಿ ಆಳ ಮಾಡುವುದು. ಇದು ತಿರುಪು ಕೊರೆಯುವ ಪಟ್ಟಿ.

ಇಲ್ಲಿ ಒಂದು ಎಚ್ಚರಿಕೆ. ಇಂಥ ಪಟ್ಟಿ ಗಡಸು ಉಕ್ಕಿನದು, ಪೆಟ್ಟು ಬಿದ್ದರೆ ಬಾಗುವುದಿಲ್ಲ, ಮುರಿಯುತ್ತದೆ. ಮೊಳೆ, ಸೂಜಿ ತುರುಕಿ ಬಡಿಯಬೇಡಿ. ಒಳಗೆ ಏನಾದರೂ ಮುರಿದುಕೊಂಡರೆ ಆ ತೂತು ಹೋದಂತೆಯೇ.

ಆದರೂ ಕೆಲಸ ಬಲ್ಲವರ ಬಾಯಿಂದ ಕೇಳಬೇಕೆನಿಸಿತು. ಫೋಟೊ ಕಳಿಸಿ ಕೇಳಿದರೆ ಹಿರಿಯರಿಂದ ಸರಿಯಾದ ಉತ್ತರ ಸಿಗುವುದು ಕಷ್ಟ, ವಸ್ತುವನ್ನೇ ಒಯ್ದು ಕೈಗೆ ಕೊಡಿ. ಕೊಟ್ಟ ಮೇಲೆ ಏನೂ ಹೇಳದೆ ಅವರ ಕೈಯನ್ನು ನೋಡುತ್ತಿರಿ. ಮಾವನ ಜೊತೆ ಕೆಲಸ ಮಾಡಿದ್ದ ಒಬ್ಬ ಹಿರಿಯರಿಗೆ ಈಗ ಕಣ್ಣು ಮಂಜು. ಪಟ್ಟಿ ಕೈಗೆ ಬಂದದ್ದೇ ತಡ, ಎಡಗೈ ಅದರ ಬಾಲವನ್ನು ಹಿಡಿಯಿತು, ಬಲಗೈಯ ಹೆಬ್ಬೆರಳು ತೋರುಬೆರಳು ಇಲ್ಲದ ತಂತಿಯೊಂದನ್ನು ಹಿಡಿದು ತಿರುಗಿಸತೊಡಗಿದವು: ಅರ್ಧ ಸುತ್ತು ಮುಂದಕ್ಕೆ, ಕಾಲು ಸುತ್ತು ಹಿಂದಕ್ಕೆ. “ಓಲೆ ಕಡ್ಡಿಗೆ ತಂಗೀ, ಮೂಗುಬೊಟ್ಟಿಗೆ. ಇದರ ಜೊತೆಗೆ ಸಣ್ಣ ಸಣ್ಣ ಮೊಳೆ ಇರ್ಬೇಕಲ್ಲ?” ಎಂದರು.

ಇತ್ತು. ಮಾತ್ರೆಯ ಹಳೇ ಡಬ್ಬಿಯೊಂದರಲ್ಲಿ, ತುಂಡಾದ ಸ್ಕ್ರೂಗಳೆಂದು ಗುಜರಿಗೆ ಹಾಕಲು ನಾವು ಬದಿಗಿಟ್ಟಿದ್ದ ರಾಶಿಯಲ್ಲಿ. ಆರು ಟ್ಯಾಪುಗಳು, ಮೊನೆಯ ಕಡೆ ಸಣ್ಣಗಾಗುತ್ತಾ ಹೋಗುವಂಥವು. ಪಟ್ಟಿ ಕಡ್ಡಿಯ ಹೊರಮೈಗೆ ಗೆರೆ ಹಾಕಿದರೆ, ಟ್ಯಾಪು ಹಿಂಬದಿಯ ತಿರುಪಿನ ಒಳಮೈಗೆ ಹಾಕುತ್ತದೆ. ಒಂದಿಲ್ಲದೆ ಇನ್ನೊಂದು ನಿರರ್ಥಕ. ಆದ್ದರಿಂದ ಏನೆಂದು ಗೊತ್ತಾಗುವ ತನಕ ಪೆಟ್ಟಿಗೆಯ ಒಂದು ಚೂರನ್ನೂ ಹೊರಗೆ ಹಾಕಬೇಡಿ ಎಂದು ಕಳಕಳಿಯಿಂದ ಕೇಳಿಕೊಳ್ಳುತ್ತೇನೆ.

ಆ ಹಿರಿಯರೇ ಹೇಳಿದ ಇನ್ನೊಂದು ಮಾತು: ಕೈಯಲ್ಲಿ ಮಾಡಿದ ಇಂಥ ಪಟ್ಟಿಗಳ ಗೆರೆ ಒಬ್ಬರದ್ದು ಇನ್ನೊಬ್ಬರದಕ್ಕೆ ಕೂಡುತ್ತಿರಲಿಲ್ಲ. ತಿರುಪು ಕಳೆದುಕೊಂಡವರು ಓಲೆ ಮಾಡಿದವರ ಹತ್ತಿರವೇ ಬರಬೇಕಿತ್ತು.

ಅದನ್ನು ಕೇಳಿ ಮನೆಗೆ ಬಂದವಳು ಅಮ್ಮನ ಓಲೆ ಬಿಚ್ಚಿಸಿದೆ. 1978ರಲ್ಲಿ ಅಮ್ಮನ ಮದುವೆಗೆ ಮಾವ ಮಾಡಿಕೊಟ್ಟದ್ದು. ಬೆಸುಗೆಯ ಮೆದು ಸೀಸದ ತಂತಿಯನ್ನು ಒಂದೊಂದೇ ತೂತಿನಲ್ಲಿ ತಿರುಗಿಸಿ ತೆಗೆದು, ಅಮ್ಮನ ತಿರುಪನ್ನು ಅದಕ್ಕೆ ಹಾಕಿ ನೋಡುತ್ತಾ ಹೋದೆವು. 2ಕ್ಕೆ ಸಡಿಲ. 3ಕ್ಕೆ ಓರೆಯಾಗಿ ಕಚ್ಚಿತು. 4ರ ತಂತಿಯ ಮೇಲೆ ತಿರುಪು ತಾನಾಗಿ ಏರಿತು, ಮೂರು ಸುತ್ತು, ಎಲ್ಲೂ ತಡೆಯದೆ. ಅಮ್ಮ ಅದನ್ನು ಬಿಚ್ಚಿ ಮತ್ತೆ ಹಾಕಿದರು, ಮತ್ತೆ ಬಿಚ್ಚಿದರು.

ಈಗ ಪಟ್ಟಿಗೆ ಹೊಲಿಗೆ ಮೆಷಿನ್ನಿನ ಎಣ್ಣೆ ಸವರಿ, ಹತ್ತಿ ಬಟ್ಟೆಯಲ್ಲಿ ಸುತ್ತಿ, ಟ್ಯಾಪುಗಳ ಜೊತೆಗೇ ಇಟ್ಟಿದ್ದೇನೆ. ಒಳಗಿನ ಚೀಟಿಯಲ್ಲಿ ಅಮ್ಮನ ಕೈಬರಹ: “ಅಣ್ಣನ ತಿರುಪಿನ ಪಟ್ಟಿ. ನನ್ನ ಓಲೆಗೆ 4ನೇ ತೂತು.”