ಲಾರೀಲಿ ಏರ್ ನಿಲ್ತಿಲ್ವಾ? ವಾಲ್ವ್ ಬದಲಾಯಿಸೋಕೆ ಮುಂಚೆ ಇಷ್ಟು ನೋಡ್ಕೊಳ್ಳಿ

ರಾತ್ರಿ ಫುಲ್ ಏರ್ ಇಟ್ಟು ನಿಲ್ಲಿಸಿದ ಗಾಡಿ ಬೆಳಿಗ್ಗೆ ನೋಡಿದ್ರೆ ಗೇಜ್ ಮುಳ್ಳು ಸೊನ್ನೆಗೆ ಬಂದಿರುತ್ತೆ, ಸ್ಟಾರ್ಟ್ ಮಾಡಿದ ತಕ್ಷಣ ಬಜರ್ ಬಡ್ಕೊಳ್ಳೋಕೆ ಶುರು, ಏರ್ ತುಂಬೋವರೆಗೂ ಗಾಡಿ ಕದಲಲ್ಲ. ಆಗ ಎಲ್ರೂ ಮಾಡೋದು ಒಂದೇ, ಕೆಳಗೆ ಬಗ್ಗಿ ಎಲ್ಲಿ ಸುಯ್ ಅಂತಿದೆ ಕೇಳೋದು, ಸದ್ದು ಬಂದ ವಾಲ್ವ್ ಬಿಚ್ಚಿ ಹೊಸದು ಹಾಕೋದು, ಮಾರನೇ ದಿನ ಮತ್ತೆ ಅದೇ ಕಥೆ. ಏರ್ ಹೊರಗೆ ಬರೋ ಜಾಗ ಬೇರೆ, ಕೆಟ್ಟಿರೋ ಪಾರ್ಟ್ ಬೇರೆ ಆಗಿರೋದು ಏರ್ ಬ್ರೇಕಲ್ಲಿ ತುಂಬಾ ಮಾಮೂಲಿ. ಅದನ್ನ ಹುಡುಕೋ ಕೆಲಸ ಓನರೇ ಮಾಡ್ಕೋಬಹುದು, ಸೋಪಿನ ನೀರು, ಒಂದು ಬ್ರಷ್, ಪೆಡಲ್ ಒತ್ತೋಕೆ ಒಬ್ಬ ಜೊತೆಗಾರ ಇದ್ರೆ ಸಾಕು.

ಮೊದಲು ಗಾಡಿ ಕಟ್ಟಿ

ಗಾಡಿ ಸಮತಟ್ಟಾದ ಜಾಗದಲ್ಲಿ ಇರಬೇಕು, ಗಾಲಿಗೆ ಹಿಂದೆ ಮುಂದೆ ಎರಡೂ ಕಡೆ ಗಟ್ಟಿ ಅಡೆ ಕೊಡಿ, ಯಾಕಂದ್ರೆ ಈ ಟೆಸ್ಟಲ್ಲಿ ಪಾರ್ಕಿಂಗ್ ಬ್ರೇಕ್ ಬಿಡ್ತೀವಿ. ಮೇಲೊಬ್ಬ ಪೆಡಲ್ ಒತ್ತುವಾಗ ಕೆಳಗಿರೋನ ಕೈ ಬ್ರೇಕ್ ಚೇಂಬರಿಂದ ಹೊರಗೆ ಬರೋ ಪುಶ್ ರಾಡ್, ಅದು ತಳ್ಳೋ ಸ್ಲ್ಯಾಕ್ ಅಡ್ಜಸ್ಟರ್ ಹತ್ರ ಇರಬಾರದು. ಏರ್ ಇಳಿದ್ರೆ ಪಾರ್ಕಿಂಗ್ ಬ್ರೇಕ್ ತಾನಾಗೇ ಹಿಡಿಯುತ್ತೆ, ಆ ರಾಡ್ ಆಗ ಹೇಳದೆ ಕೇಳದೆ ಹೊರಗೆ ಬರುತ್ತೆ.

ಇನ್ನೊಂದು ಮಾತು, ಇದರಲ್ಲಿ ಚೌಕಾಸಿ ಇಲ್ಲ. ಹಿಂದಿನ ಗಾಲಿಗಳಲ್ಲಿರೋ ಡಬಲ್ ಚೇಂಬರ್ (ಪೆಡಲ್ ಬ್ರೇಕಿಗೊಂದು, ಪಾರ್ಕಿಂಗಿಗೊಂದು ಭಾಗ ಇರೋದು) ಒಳಗೆ ದೊಡ್ಡ ಸ್ಪ್ರಿಂಗ್ ಒತ್ತಿ ಕೂರಿಸಿರ್ತಾರೆ, ಅದರ ಕ್ಲಾಂಪ್ ಬಿಚ್ಚೋಕೆ ಹೋಗಲೇಬೇಡಿ, ಸ್ಪ್ರಿಂಗ್ ಹಾರಿದ್ರೆ ಪ್ರಾಣಾನೇ ಹೋಗುತ್ತೆ. ಆ ಚೇಂಬರ್ ಕೆಟ್ಟಿದೆ ಅಂತ ಗೊತ್ತಾದ್ರೆ ಸ್ಪ್ರಿಂಗನ್ನ ಒತ್ತಿ ಹಿಡಿಯೋ ಕೇಜ್ ಬೋಲ್ಟ್ ಹಾಕಿ ಪೂರ್ತಿ ಬದಲಾಯಿಸೋದು ಗೊತ್ತಿರೋರ ಕೆಲಸ.

ಗೇಜ್ ಏನ್ ಹೇಳುತ್ತೆ

ಇಂಜಿನ್ ಓಡಿಸಿ ಏರ್ ಪೂರ್ತಿ ತುಂಬಿಸಿ. ಸಾಮಾನ್ಯವಾಗಿ 8 ಬಾರ್ ಆಸುಪಾಸು, ಅಂದ್ರೆ ಸುಮಾರು 120 ಪಿಎಸ್‌ಐ ಹತ್ರ ಬಂದಾಗ ಏರಿನ ತೇವ ತೆಗೆಯೋ ಡ್ರೈಯರ್ ಫುಸ್ ಅಂತ ಗಾಳಿ ಬಿಡುತ್ತೆ, ಸರಿಯಾದ ಅಂಕಿ ನಿಮ್ಮ ಗಾಡಿ ಮ್ಯಾನುಯಲಲ್ಲಿ ಇರುತ್ತೆ. ಎಷ್ಟು ಹೊತ್ತು ರೇಸ್ ಕೊಟ್ರೂ ಫುಸ್ ಅನ್ನಲ್ಲ, ಮುಳ್ಳು ಅರ್ಧದಲ್ಲೇ ನಿಂತಿದೆ ಅಂದ್ರೆ ಲೀಕ್ ತುಂಬಾ ದೊಡ್ಡದಿದೆ ಇಲ್ಲಾ ಕಂಪ್ರೆಸರ್ ಅಥವಾ ಏರ್ ಒತ್ತಡ ಹಿಡಿತದಲ್ಲಿಡೋ ಗವರ್ನರ್ ಕಡೆ ತೊಂದರೆ ಇದೆ.

ಈಗ ಇಂಜಿನ್ ಆಫ್, ಪಾರ್ಕಿಂಗ್ ಬ್ರೇಕ್ ಬಿಡಿ, ಪೆಡಲ್ ಮುಟ್ಟಬೇಡಿ, ಗೇಜ್ ನೋಡ್ತಾ ಕೂತ್ಕೊಳ್ಳಿ. ಟ್ರೈಲರ್ ಇಲ್ಲದ ಗಾಡೀಲಿ ನಿಮಿಷಕ್ಕೆ 2 ಪಿಎಸ್‌ಐಗಿಂತ ಜಾಸ್ತಿ ಇಳಿಯಬಾರದು ಅನ್ನೋದು ಚಾಲ್ತಿಯಲ್ಲಿರೋ ಲೆಕ್ಕ, ಟ್ರೈಲರ್ ಇದ್ರೆ 3. ಆದ್ರೆ ಡ್ಯಾಶ್‌ಬೋರ್ಡ್ ಗೇಜಲ್ಲಿ 2 ಪಿಎಸ್‌ಐ ಕಣ್ಣಿಗೇ ಕಾಣಲ್ಲ, ಹಂಗಾಗಿ ಐದು ನಿಮಿಷ ಬಿಟ್ಟು ಐದರಿಂದ ಭಾಗ ಮಾಡಿ. ಮುಂದಿನ ಸರ್ಕ್ಯೂಟ್ ಮುಳ್ಳು ಇಳೀತಿದೆಯೋ ಹಿಂದಿನದೋ ಅದನ್ನೂ ಗಮನಿಸಿ, ಅರ್ಧ ಹುಡುಕಾಟ ಅಲ್ಲೇ ಮುಗಿಯುತ್ತೆ.

ಆಮೇಲೆ ಪೆಡಲ್ ಪೂರ್ತಿ ಒತ್ತಿ ಹಿಡೀರಿ. ಒತ್ತಿದ ತಕ್ಷಣ ಮುಳ್ಳು ಒಂದಿಷ್ಟು ಬೀಳುತ್ತೆ, ಅದು ಸಹಜ, ಅದನ್ನ ಲೆಕ್ಕಕ್ಕೆ ತಗೋಬೇಡಿ. ನಿಂತ ಮೇಲೆ ನಿಮಿಷಕ್ಕೆ 3 ಪಿಎಸ್‌ಐ ಒಳಗೆ ಇರಬೇಕು, ಟ್ರೈಲರ್ ಇದ್ರೆ 4. ಪೆಡಲ್ ಬಿಟ್ಟಾಗ ಚೆನ್ನಾಗಿದ್ದು ಒತ್ತಿದಾಗ ಮಾತ್ರ ಇಳೀತಿದ್ರೆ ಚೇಂಬರ್ ಒಳಗಿನ ರಬ್ಬರ್ ಪರದೆ, ಅಂದ್ರೆ ಡಯಾಫ್ರಾಮ್, ಹರಿದಿರಬೇಕು, ಇಲ್ಲಾ ಚೇಂಬರಿಗೆ ಹೋಗೋ ಹೋಸ್ ಬಿರುಕು ಬಿಟ್ಟಿರಬೇಕು. ಡಯಾಫ್ರಾಮ್ ಹರಿದಿದ್ರೆ ಪುಶ್ ರಾಡ್ ಹೊರಗೆ ಬರೋ ಕಡೆಯಿಂದ, ಅಲ್ಲೇ ಇರೋ ಸಣ್ಣ ತೂತುಗಳಿಂದ ಗಾಳಿ ಹೊಡೆಯುತ್ತೆ.

ರಿಲೇ ವಾಲ್ವ್ ಮೇಲಿನ ಸುಳ್ಳು ಕೇಸು

ಎಲ್ರೂ ದುಡ್ಡು ಕಳ್ಕೊಳ್ಳೋದು ಇಲ್ಲಿ. ರಿಲೇ ವಾಲ್ವ್ ಅಂದ್ರೆ ಪೆಡಲ್ ಒತ್ತಿದಾಗ ಹಿಂದಿನ ಚೇಂಬರಿಗೆ ಏರ್ ಕೊಟ್ಟು, ಬಿಟ್ಟಾಗ ಆ ಏರ್ ಆಚೆ ಬಿಡೋ ವಾಲ್ವ್. ಪೆಡಲ್ ಒತ್ತಿಲ್ಲ, ಪಾರ್ಕಿಂಗ್ ಬಿಟ್ಟಿದೆ, ರಿಲೇ ವಾಲ್ವ್ ಕೆಳಗಿನ ಎಕ್ಸಾಸ್ಟ್ ತೂತಿಂದ ಗಾಳಿ ಬರ್ತಾನೇ ಇದೆ. ನೋಡಿದೋರು ಯಾರಾದ್ರೂ ವಾಲ್ವ್ ಹೋಗಿದೆ ಅಂತಾರೆ. ಸ್ಪ್ಯಾನರ್ ಎತ್ಕೊಳ್ಳೋಕೆ ಮುಂಚೆ ಒಂದೇ ಒಂದು ಕೆಲಸ ಮಾಡಿ, ಪಾರ್ಕಿಂಗ್ ಬ್ರೇಕ್ ಹಾಕಿ. ಸದ್ದು ನಿಂತೋಯ್ತಾ? ಹಂಗಾದ್ರೆ ವಾಲ್ವ್ ತಪ್ಪಲ್ಲ, ಹಿಂದಿನ ಯಾವುದೋ ಡಬಲ್ ಚೇಂಬರಿನ ನಡುವಿನ ಸೀಲ್ ಹೋಗಿದೆ.

ಹೆಂಗೆ ಅಂದ್ರೆ, ಪಾರ್ಕಿಂಗ್ ಬ್ರೇಕ್ ಬಿಡೋದು ಅಂದ್ರೇನೇ ಚೇಂಬರಿನ ಸ್ಪ್ರಿಂಗ್ ಭಾಗಕ್ಕೆ ಏರ್ ತುಂಬಿ ಸ್ಪ್ರಿಂಗನ್ನ ಹಿಂದಕ್ಕೆ ಒತ್ತಿ ಹಿಡಿಯೋದು. ನಡುವಿನ ಸೀಲ್ ಸವೆದಿದ್ರೆ ಆ ಏರ್ ಪಕ್ಕದ ಸರ್ವಿಸ್ ಭಾಗಕ್ಕೆ, ಅಂದ್ರೆ ಪೆಡಲ್ ಬ್ರೇಕಿನ ಭಾಗಕ್ಕೆ, ನುಗ್ಗುತ್ತೆ, ಅಲ್ಲಿಂದ ಹೋಸ್ ಹಿಡ್ಕೊಂಡು ವಾಪಸ್ ರಿಲೇ ವಾಲ್ವಿಗೆ ಬಂದು ಅದರ ಎಕ್ಸಾಸ್ಟಲ್ಲಿ ಆಚೆ ಹೋಗುತ್ತೆ. ಪಕ್ಕದ ಮನೆ ನಲ್ಲಿ ಒಡೆದು ನಮ್ಮ ಮನೆ ಬಾಗಿಲಲ್ಲಿ ನೀರು ನಿಂತಂಗೆ. ಪಾರ್ಕಿಂಗ್ ಹಾಕಿದ ಮೇಲೂ ಸದ್ದು ಬರ್ತಾನೇ ಇದ್ರೆ ಆಗ ವಾಲ್ವಿನ ಮೇಲೆ ಅನುಮಾನ ಪಡಿ.

ಯಾವ ಚೇಂಬರ್ ಅಂತ ಹಿಡಿಯೋದು ಹಿಂಗೆ: ಪಾರ್ಕಿಂಗ್ ಹಾಕಿ, ಪೆಡಲ್ ಬಿಟ್ಟಿರೋವಾಗ ಒಂದು ಚೇಂಬರಿನ ಸರ್ವಿಸ್ ಹೋಸ್ ಬಿಚ್ಚಿ. ಪಕ್ಕಕ್ಕೆ ಸರಿದು ಮೇಲಿನೋರಿಗೆ ಪಾರ್ಕಿಂಗ್ ಬಿಡೋಕೆ ಹೇಳಿ. ಚೇಂಬರಿನ ಆ ಖಾಲಿ ತೂತಿಂದ ಗಾಳಿ ಬಂದ್ರೆ ಅದೇ ಕಳ್ಳ. ಬರಲಿಲ್ಲ ಅಂದ್ರೆ ಮತ್ತೆ ಪಾರ್ಕಿಂಗ್ ಹಾಕಿಸಿ ಹೋಸ್ ಕೂರಿಸಿ, ಮುಂದಿನದಕ್ಕೆ ಹೋಗಿ. ಗಾಲಿಗೆ ಅಡೆ ಕೊಡದೆ ಇದನ್ನ ಮಾಡೋ ಮಾತೇ ಇಲ್ಲ.

ಡ್ರೈಯರ್ ವಿಷಯದಲ್ಲೂ ಹಿಂಗೇ ಮೋಸ ಹೋಗ್ತಾರೆ. ಏರ್ ಫುಲ್ ಆದ್ಮೇಲೆ ಇಂಜಿನ್ ಓಡ್ತಿದ್ರೆ ಎಷ್ಟೋ ಗಾಡೀಲಿ ಡ್ರೈಯರ್ ಕೆಳಗಿಂದ ಗಾಳಿ ಬರೋದು ಸರಿಯಾದ ಕೆಲಸಾನೇ, ಕಂಪ್ರೆಸರ್ ಏರ್ ಅಲ್ಲೇ ಆಚೆ ಹೋಗೋದು. ಇಂಜಿನ್ ಆಫ್ ಮಾಡಿ ಸ್ವಲ್ಪ ಹೊತ್ತಾದ್ರೂ ನಿಲ್ಲದಿದ್ರೆ ಏರ್ ವಾಪಸ್ ಬರದಂಗೆ ತಡೆಯೋ ಡ್ರೈಯರಿನ ಚೆಕ್ ವಾಲ್ವ್ ನೋಡಬೇಕು. ಏರ್ ಇನ್ನೂ ತುಂಬ್ತಿರೋವಾಗಲೇ ಬರ್ತಿದ್ರೆ ಆ ಗಾಳಿ ಬಿಡೋ ಪರ್ಜ್ ವಾಲ್ವಲ್ಲಿ ಕಸ ಕೂತಿರುತ್ತೆ.

ಸರಿ ಮಾಡೋವಾಗ

ಜಾಯಿಂಟ್‌ಗಳಿಗೆ ಸೋಪಿನ ನೀರು ಹಚ್ಚಿ, ಗುಳ್ಳೆ ಎದ್ದಲ್ಲಿ ಚಾಕ್‌ಪೀಸಲ್ಲಿ ಗುರುತು ಹಾಕಿ. ಬಿಚ್ಚೋಕೆ ಮುಂಚೆ ಟ್ಯಾಂಕಿನ ಡ್ರೈನ್ ಎಳೆದು ಏರ್ ಪೂರ್ತಿ ಖಾಲಿ ಮಾಡಿ, ಮುಖ ಆ ಕಡೆ ಇಡಬೇಡಿ. ಆಗ ಏನ್ ಬರುತ್ತೆ ಅಂತಾನೂ ನೋಡಿ: ಡ್ರೈಯರ್ ಇರೋ ಗಾಡೀಲಿ ನೀರು ಬಂತು ಅಂದ್ರೆ ಮೊದಲು ಡ್ರೈಯರ್ ಒಳಗಿನ ತೇವ ಹೀರೋ ಕಾರ್ಟ್ರಿಡ್ಜ್ ಮುಗಿದಿದೆಯಾ ನೋಡಬೇಕು, ಎಣ್ಣೆ ಜಾಸ್ತಿ ಬರ್ತಿದ್ರೆ ಕಂಪ್ರೆಸರ್ ಎಣ್ಣೆ ಎತ್ತುತಿದೆ.

ನೈಲಾನ್ ಪೈಪ್ ತುದಿ ಸವೆದಿದ್ರೆ ಚೂಪಾದ ಬ್ಲೇಡಲ್ಲಿ ನೇರವಾಗಿ ಕತ್ತರಿಸಿ ಫಿಟ್ಟಿಂಗ್ ತಳ ಮುಟ್ಟೋವರೆಗೆ ಒತ್ತಿ. ಹ್ಯಾಕ್ಸಾ ಬೇಡ, ಅಂಚು ಒರಟಾಗಿ ಒಳಗಿನ ಓ ರಿಂಗ್ ಹರಿಯುತ್ತೆ. ಬಿರುಕು ಬಿಟ್ಟ ಹೋಸಿಗೆ ರಬ್ಬರ್ ಸುತ್ತಿ ಕ್ಲಾಂಪ್ ಹಾಕೋದನ್ನ ನಾನಂತೂ ರಿಪೇರಿ ಅಂತ ಒಪ್ಪಲ್ಲ. ಟೆಫ್ಲಾನ್ ಟೇಪೂ ಕಂಡಕಂಡಲ್ಲಿ ಸುತ್ತಬೇಡಿ, ಅದರ ಚೂರು ಹೋಗಿ ವಾಲ್ವಲ್ಲಿ ಕೂತ್ರೆ ಹೊಸ ಲೀಕ್ ಶುರು.

ಎಲ್ಲಾ ಆದ್ಮೇಲೆ ಏರ್ ತುಂಬಿಸಿ ಗೇಜ್ ಟೆಸ್ಟ್ ಮತ್ತೊಮ್ಮೆ. ಆಮೇಲೆ ಇಂಜಿನ್ ಆಫ್ ಮಾಡಿ ಇಗ್ನಿಷನ್ ಆನ್ ಇಟ್ಟು ಪೆಡಲ್ ಒತ್ತಿ ಬಿಟ್ಟು ಮಾಡ್ತಾ ಏರ್ ಇಳಿಸಿ, ಸುಮಾರು 60 ಪಿಎಸ್‌ಐ ಹತ್ರ, ಅಂದ್ರೆ 4 ಬಾರಲ್ಲಿ, ಬಜರ್ ಬರಬೇಕು, ಬರದಿದ್ರೆ ಗಾಡಿ ಆಚೆ ತೆಗೀಬೇಡಿ. ಬ್ರೇಕ್ ಕಡೆ ಎಲ್ಲಾ ಸರಿ ಇದ್ದೂ ರಾತ್ರೀಲಿ ಏರ್ ಹೋಗ್ತಿದ್ರೆ ಹಾರ್ನ್, ಕ್ಲಚ್ ಬೂಸ್ಟರ್, ಎಕ್ಸಾಸ್ಟ್ ಬ್ರೇಕ್ ಸಿಲಿಂಡರ್, ಏರ್ ಸೀಟ್ ಇವಕ್ಕೂ ಸೋಪಿನ ನೀರು ಹಚ್ಚಿ ನೋಡಿ, ಇವೂ ಅದೇ ಕಂಪ್ರೆಸರ್ ಏರ್ ತಗೊಳ್ಳೋವು, ಸೀಟ್ ಕೆಳಗಿನ ಪೈಪನ್ನ ಯಾರೂ ಬಗ್ಗಿ ನೋಡೋದೇ ಇಲ್ಲ.