ಐದನೆಯ ಕಾಲಂ

ಹನುಮಂತನಗರದ ನಮ್ಮ ಮನೆಯ ಅಡುಗೆಮನೆ ಕಪಾಟಿನಲ್ಲಿ, ಬೇಳೆ ಡಬ್ಬಿಗಳ ಪಕ್ಕದಲ್ಲಿ, ಇನ್ನೂರು ಪುಟಗಳ ಹನ್ನೆರಡು ನೋಟ್‌ಬುಕ್ಕುಗಳಿವೆ. ದಿನಕ್ಕೊಂದು ಪುಟ, ಹನ್ನೆರಡನೆಯದು ಇನ್ನೂ ನಡೆಯುತ್ತಿದೆ. ಮೂವತ್ತೊಂದು ವರ್ಷ ಬ್ಯಾಂಕಿನಲ್ಲಿ ಲೆಡ್ಜರ್ ಬರೆದ ಕೈ ಸುಮ್ಮನಿರಲಾರದೆ, ಅಮ್ಮನಿಗೆ ಅಲ್ಜೈಮರ್ ಎಂದು ತಿಳಿದ 2019ರ ಜುಲೈನಲ್ಲಿಯೇ ಗೆರೆ ಎಳೆದು ನಾಲ್ಕು ಕಾಲಂ ಮಾಡಿಕೊಂಡಿತ್ತು: ಊಟ, ಔಷಧಿ, ಮಲಮೂತ್ರ, ನಿದ್ದೆ. ನಾಲ್ಕೂ ಅಮ್ಮನವೇ. ಮೂರನೆಯ ನೋಟ್‌ಬುಕ್ಕಿನ ಆರಂಭದಲ್ಲಿ ಐದನೆಯ ಕಾಲಂ ಶುರುವಾಗುತ್ತದೆ, ಅದು ನನ್ನ ನಿದ್ದೆಯದು. ಮನೆಯಲ್ಲಿ ಮರೆವಿನ ಕಾಯಿಲೆಯವರನ್ನು ನೋಡಿಕೊಳ್ಳುತ್ತಿರುವವರು ಯಾರಾದರೂ ಕೇಳಿದರೆ ನಾನು ಮೊದಲು ಹೇಳುವುದು ಆ ಐದನೆಯ ಕಾಲಮ್ಮಿನ ವಿಷಯವನ್ನೇ. ಆದರೆ ಅಲ್ಲಿಗೆ ಬರಲು ನನಗೆ ಹದಿಮೂರು ತಿಂಗಳು ಹಿಡಿಯಿತು, ಮತ್ತು ಅಮ್ಮನ ಕೈಮೇಲೆ ಒಂದು ಗಾಯವಾಗಬೇಕಾಯಿತು.

ಕಾಯಿಲೆ ಮರೆವಿನ ರೂಪದಲ್ಲಿ ಬರಲಿಲ್ಲ, ಸಾರಿನ ರೂಪದಲ್ಲಿ ಬಂದಿತು. ಅಳತೆಯೇ ಇಲ್ಲದೆ ಅರವತ್ತು ವರ್ಷ ಸಾರು ಮಾಡಿದ್ದವಳು ಒಂದು ದಿನ ಉಪ್ಪನ್ನು ಎರಡು ಸಲ ಹಾಕಿದಳು, ಇನ್ನೊಂದು ದಿನ ಹುಣಿಸೆಹಣ್ಣನ್ನೇ ಬಿಟ್ಟಳು. ಪಂಚಾಂಗವನ್ನು ನಾಲಿಗೆಯ ತುದಿಯಲ್ಲಿಟ್ಟುಕೊಂಡಿದ್ದವಳು ಯುಗಾದಿ ಕಳೆದ ವಾರದಲ್ಲಿ ಯುಗಾದಿ ಯಾವಾಗ ಎಂದು ಮೂರು ಬಾರಿ ಕೇಳಿದಳು. ಹತ್ತಿರದ ವೈದ್ಯರೊಬ್ಬರು ವಯಸ್ಸಾದ ಮೇಲೆ ಇದೆಲ್ಲ ಸಹಜ ಎಂದು ಟಾನಿಕ್ ಬರೆದುಕೊಟ್ಟರು, ನಾವೂ ನಂಬಿದೆವು, ಒಂದು ವರ್ಷ ಹೋಯಿತು. ಕೊನೆಗೆ ತಂಗಿಯ ಒತ್ತಾಯಕ್ಕೆ ನಿಮ್ಹಾನ್ಸ್‌ಗೆ ಕರೆದುಕೊಂಡು ಹೋದಾಗ ಮೊದಲು ರಕ್ತ ಪರೀಕ್ಷೆ ಮಾಡಿಸಿದರು, ಏಕೆಂದರೆ ಬಿ12 ಜೀವಸತ್ವದ ಕೊರತೆಯಿಂದಲೂ ಥೈರಾಯ್ಡ್ ತೊಂದರೆಯಿಂದಲೂ ಇಂಥದೇ ಮರೆವು ಬರಬಹುದು ಮತ್ತು ಅದಕ್ಕೆ ಚಿಕಿತ್ಸೆಯಿದೆ. ಅವೆರಡೂ ಸರಿಯಾಗಿದ್ದವು. ಆಮೇಲೆ ಒಂದು ಹಾಳೆ ಕೊಟ್ಟು ಗಡಿಯಾರ ಬರೆಯಲು ಹೇಳಿದರು. ಅಮ್ಮ ಚೆಂದದ ವೃತ್ತ ಬರೆದಳು, ಒಳಗೆ ಕನ್ನಡದ ಅಂಕಿಗಳನ್ನೇ ಬರೆಯತೊಡಗಿದಳು. ೧ರಿಂದ ೮ರವರೆಗೆ ಎಲ್ಲವೂ ಬಲಗಡೆಗೇ ಒತ್ತಿಕೊಂಡು ನಿಂತವು, ಎಡಭಾಗ ಖಾಲಿ ಉಳಿಯಿತು. ಮುಗಿಯಿತು ಎಂದು ಪೆನ್ನಿನ ಕ್ಯಾಪ್ ಹಾಕಿ, ಅಂಕ ಕೊಡಲಿ ಎಂಬಂತೆ ವೈದ್ಯರ ಮುಖ ನೋಡಿದಳು.

ಹೆಂಡತಿಗೆ ಶಾಲೆಯಲ್ಲಿ ಇನ್ನೂ ಆರು ವರ್ಷ ಸೇವೆಯಿತ್ತು, ನಾನು ಸ್ವಯಂನಿವೃತ್ತಿ ಪಡೆದೆ. ಗಂಡುಮಗ ತಾಯಿಯನ್ನು ನೋಡಿಕೊಳ್ಳುವುದನ್ನು ಬೀದಿಯಲ್ಲಿ ಕೆಲವರು ಹೊಗಳಿದರು, ಅದೇ ಕೆಲಸವನ್ನು ಹೆಂಡತಿ ಮಾಡಿದ್ದರೆ ಒಬ್ಬರೂ ಬಾಯಿ ತೆರೆಯುತ್ತಿರಲಿಲ್ಲ ಎಂಬುದು ನನಗೆ ಗೊತ್ತಿತ್ತು.

ಮೊದಲ ವರ್ಷ ನಾನು ಮಾಡಿದ ದೊಡ್ಡ ತಪ್ಪು ತಿದ್ದುವುದು. ಅಮ್ಮ ಅಪ್ಪನನ್ನು ಕೇಳುತ್ತಿದ್ದಳು, ಅಪ್ಪ ತೀರಿಕೊಂಡು ಹತ್ತು ವರ್ಷವಾಯಿತಲ್ಲ ಎಂದು ನಾನು ಹೇಳುತ್ತಿದ್ದೆ, ಅವಳಿಗೆ ಅದು ಪ್ರತಿ ಸಲವೂ ಆಗಷ್ಟೇ ಬಂದ ಸುದ್ದಿಯಾಗುತ್ತಿತ್ತು. ಒಂದೇ ವಾರದಲ್ಲಿ ನಾಲ್ಕು ಸಲ ಅವಳನ್ನು ವಿಧವೆ ಮಾಡಿದ್ದೇನೆ. ಈಗ ಅವಳು ಕೇಳಿದರೆ, "ಅಪ್ಪನಿಗೆ ಏನು ಅಡುಗೆ ಇಷ್ಟವಮ್ಮ?" ಎಂದು ನಾನು ತಿರುಗಿ ಕೇಳುತ್ತೇನೆ; ಹಾಗಲಕಾಯಿ ಗೊಜ್ಜಿನ ಮೇಲೆ ಮಾತು ಹರಿಯುತ್ತದೆ, ಅಪ್ಪ ಎಲ್ಲಿ ಎಂಬ ಪ್ರಶ್ನೆ ಅಲ್ಲಿಯೇ ಕರಗುತ್ತದೆ. ಸುಳ್ಳು ಹೇಳಿದಂತಾಯಿತಲ್ಲ ಎಂದು ಅಣ್ಣ ಒಮ್ಮೆ ಮೈಸೂರಿನಿಂದ ಫೋನಿನಲ್ಲಿ ಆಕ್ಷೇಪಿಸಿದ. ಎರಡು ದಿನ ಇಲ್ಲಿ ಇದ್ದು ಹೋಗು ಎಂದೆ.

ಸಂಜೆಯಾದರೆ ಮನೆಗೆ ಹೋಗೋಣ ಎಂಬ ಹಟ ಶುರುವಾಗುತ್ತಿತ್ತು. ಅವಳ ಮನೆ ಎಂದರೆ ತಿಪಟೂರಿನ ಕಡೆಯ ಹಳ್ಳಿಯ ಹಂಚಿನ ಮನೆ, ಅದನ್ನು ಮಾರಿ ಮೂವತ್ತು ವರ್ಷವಾಗಿದೆ. ಇದೇ ಮನೆ ಎಂದು ವಾದಿಸುವುದರ ಬದಲು ಚಪ್ಪಲಿ ತೊಡಿಸಿ, ಕೈಚೀಲ ಕೊಟ್ಟು, ಹಾಲಿನ ಬೂತಿನವರೆಗೆ ನಡೆಸಿಕೊಂಡು ಹೋಗಿ, ಬೇರೆ ಅಡ್ಡರಸ್ತೆಯಿಂದ ತಿರುಗಿ ಬಂದು, "ಮನೆ ಬಂತು ನೋಡಮ್ಮ" ಎಂದರೆ ಹತ್ತರಲ್ಲಿ ಏಳು ದಿನ ಒಪ್ಪಿಕೊಳ್ಳುತ್ತಿದ್ದಳು. ಆ ಹಾಲಿನ ಬೂತಿನವರಿಗೂ, ದಿನಸಿ ಅಂಗಡಿಗೂ, ಮೂಲೆಯ ಆಟೋ ನಿಲ್ದಾಣದವರಿಗೂ ಅಮ್ಮನ ಕಾಯಿಲೆಯ ವಿಷಯ ಹೇಳಿ ನನ್ನ ನಂಬರ್ ಕೊಟ್ಟಿದ್ದೆ. ನಾಚಿಕೆಯಿಂದ ಮುಚ್ಚಿಟ್ಟಿದ್ದರೆ 2020ರ ಫೆಬ್ರುವರಿಯಲ್ಲಿ ಅವಳು ಒಬ್ಬಳೇ ಹೊರಟುಹೋದ ದಿನ ಆಟೋದವರು ಅವಳನ್ನು ಗುರುತಿಸಿ ಕೂರಿಸಿಕೊಳ್ಳುತ್ತಿರಲಿಲ್ಲ.

ಲಾಕ್‌ಡೌನ್ ಬಂದು ಈ ನಡಿಗೆ ನಿಂತಿತು, ತಂಗಿಯೂ ಬರುವಂತಿರಲಿಲ್ಲ. ಅಮ್ಮ ರಾತ್ರಿಯಿಡೀ ಎದ್ದು ಓಡಾಡತೊಡಗಿದಳು, ನಾನೂ ಓಡಾಡಿದೆ. ಆಗಸ್ಟ್ ತಿಂಗಳ ಒಂದು ರಾತ್ರಿ, ಎರಡು ಗಂಟೆ ದಾಟಿತ್ತು, ಅವಳು ನಾಲ್ಕನೆಯ ಬಾರಿ ಮುಂಬಾಗಿಲಿನ ಚಿಲಕ ತೆಗೆಯುತ್ತಿದ್ದಾಗ ನಾನು ಅವಳ ಮಣಿಕಟ್ಟು ಹಿಡಿದು ಎಳೆದೆ. ಆ ವಯಸ್ಸಿನ ಚರ್ಮ ನೆನೆದ ಕಾಗದದ ಹಾಗೆ; ಒಂಟಿ ಚಿನ್ನದ ಬಳೆಯ ಅಂಚು ಒತ್ತಿ ಎರಡು ಅಂಗುಲದಷ್ಟು ಸುಲಿದುಹೋಯಿತು. ಅವಳು ಕಿರುಚಲಿಲ್ಲ. ಬೆಳಿಗ್ಗೆ ಪಟ್ಟಿಯನ್ನು ನೋಡಿಕೊಂಡು, "ಇದೇನಾಯ್ತೋ?" ಎಂದು ನನ್ನನ್ನೇ ಕೇಳಿದಳು. ಬಾಗಿಲು ತಗುಲಿತು ಎಂದೆ. ನೋಟ್‌ಬುಕ್ಕಿನ ಆ ಪುಟದಲ್ಲಿ "ಗಾಯ, ಎಡಗೈ" ಎಂದಷ್ಟೇ ಇದೆ, ಯಾರಿಂದ ಎಂದಿಲ್ಲ.

ಅದೇ ವಾರ ನಿಮ್ಹಾನ್ಸ್‌ನ ಸಮಾಲೋಚನೆ ಫೋನಿನಲ್ಲೇ ನಡೆಯಿತು. ಅಲ್ಲಿನ ಸಮಾಜ ಕಾರ್ಯಕರ್ತೆಯೊಬ್ಬರು ಅಮ್ಮನ ಊಟ ನಿದ್ದೆ ಕೇಳಿ ಮುಗಿಸಿ, ನೀವು ನಿನ್ನೆ ಎಷ್ಟು ಗಂಟೆ ಮಲಗಿದಿರಿ ಎಂದರು. ಅಮ್ಮನ ನಿದ್ದೆಯನ್ನು ನಿಮಿಷದ ಲೆಕ್ಕದಲ್ಲಿ ಹೇಳಬಲ್ಲವನಾಗಿದ್ದ ನನಗೆ ಅದಕ್ಕೆ ಉತ್ತರ ಗೊತ್ತಿರಲಿಲ್ಲ. ಗಾಯದ ವಿಷಯವನ್ನು ಹೇಳಿಬಿಟ್ಟೆ. ಅವರು ಬೈಯಲಿಲ್ಲ, ಸಮಾಧಾನವನ್ನೂ ಹೇಳಲಿಲ್ಲ. ಆರೈಕೆ ಮಾಡುವವರ ಹೊರೆಯನ್ನು ಅಳೆಯುವ ಜರಿತ್ ಪ್ರಶ್ನಾವಳಿಯ 22 ಪ್ರಶ್ನೆಗಳನ್ನು ಒಂದೊಂದಾಗಿ ಕೇಳಿದರು. ಸೊನ್ನೆಯಿಂದ ನಾಲ್ಕರವರೆಗೆ ಅಂಕ, ಒಟ್ಟು 88. ನನ್ನದು 61 ಬಂದಿತು. ಪರೀಕ್ಷೆಯಲ್ಲಿ ಅಷ್ಟು ಬಂದಿದ್ದರೆ ಪ್ರಥಮ ದರ್ಜೆ ಎಂದು ನಗಲು ಹೋಗಿ ನಗಲಾಗಲಿಲ್ಲ.

ಅಂದಿನಿಂದ ಐದನೆಯ ಕಾಲಂ. ಆರು ವಾರ ಬರೆದ ಮೇಲೆ ಕೂತು, ಹಳೆಯ ಅಭ್ಯಾಸದಂತೆ, ಎರಡು ಕಾಲಂಗಳನ್ನು ತಾಳೆ ನೋಡಿದೆ. ನಾನು ನಾಲ್ಕು ಗಂಟೆಗಿಂತ ಕಡಿಮೆ ಮಲಗಿದ ರಾತ್ರಿಯ ಮರುದಿನ ಸಂಜೆ ಅಮ್ಮನ ಗದ್ದಲ ಹೆಚ್ಚು, ಆ ರಾತ್ರಿ ಅವಳ ನಿದ್ದೆ ಕಡಿಮೆ, ಹಾಗಾಗಿ ನನ್ನದೂ ಕಡಿಮೆ. ಲೆಕ್ಕ ಎರಡೂ ಕಡೆಯಿಂದ ಸುತ್ತುತ್ತಿತ್ತು. ಕಾರಣ ಹುಡುಕಲು ದೂರ ಹೋಗಬೇಕಿರಲಿಲ್ಲ: ನಿದ್ದೆಗೆಟ್ಟ ದಿನ ನನ್ನ ಧ್ವನಿ ಗಡುಸಾಗುತ್ತಿತ್ತು, ತುತ್ತು ಅವಸರವಾಗುತ್ತಿತ್ತು, ಮಾತಿನ ಅರ್ಥ ತಪ್ಪಿಹೋಗಿದ್ದ ಅಮ್ಮ ನನ್ನ ಮುಖವನ್ನು ಮಾತ್ರ ತಪ್ಪಿಲ್ಲದೆ ಓದುತ್ತಿದ್ದಳು.

ರಾತ್ರಿಯನ್ನು ನಾವು ಹಂಚಿಕೊಂಡೆವು. ಒಂದು ಗಂಟೆಯವರೆಗೆ ಹೆಂಡತಿ, ಆಮೇಲೆ ನಾನು. ಲಾಕ್‌ಡೌನ್ ಸಡಿಲಾಗಿ ಜನರ ಓಡಾಟ ಶುರುವಾದ ಮೇಲೆ ಶನಿವಾರ ಭಾನುವಾರ ವಿಜಯನಗರದಿಂದ ತಂಗಿ. ತಂಗಿಯನ್ನು ಸಹಾಯ ಮಾಡು ಎಂದು ಕೇಳಿದಾಗ ಏನೂ ಆಗಿರಲಿಲ್ಲ, ಶನಿವಾರ ರಾತ್ರಿ ಒಂಬತ್ತರಿಂದ ಭಾನುವಾರ ಸಂಜೆ ಐದರವರೆಗೆ ಬಾ ಎಂದು ಗಂಟೆ ಹೇಳಿ ಕೇಳಿದಾಗ ಬಂದಳು. ಹಗಲಿನಲ್ಲಿ ಅಮ್ಮ ಮೂರು ಗಂಟೆ ಮಲಗುತ್ತಿದ್ದುದನ್ನು ನಿಧಾನವಾಗಿ ಮುಕ್ಕಾಲು ಗಂಟೆಗೆ ಇಳಿಸಿದೆವು, ಬೆಳಿಗ್ಗೆ ತಾರಸಿಯ ಬಿಸಿಲಿನಲ್ಲಿ ಕೂರಿಸಿದೆವು, ಸಂಜೆ ಕತ್ತಲಾಗುವ ಮೊದಲೇ, ಐದೂವರೆಗೆ, ಮನೆಯ ದೀಪಗಳನ್ನೆಲ್ಲ ಹಾಕಿದೆವು. ಮುಸ್ಸಂಜೆಯ ನೆರಳುಗಳು ಅವಳನ್ನು ಹೆದರಿಸುತ್ತಿದ್ದವು. ಕಾಫಿ ಕುಡಿದದ್ದನ್ನು ಮರೆತು ಮತ್ತೆ ಮತ್ತೆ ಕೇಳುತ್ತಿದ್ದವಳಿಗೆ ಮಧ್ಯಾಹ್ನದ ಮೇಲಿನ ಲೋಟಗಳಲ್ಲಿ ಡಿಕಾಕ್ಷನ್ ಬಣ್ಣಕ್ಕೆ ಮಾತ್ರ. ಒಮ್ಮೆ ಮೂತಿ ಸೊಟ್ಟ ಮಾಡಿ, "ಯಾರ ಮನೆ ಕಾಫಿ ಇದು?" ಎಂದಳು. ನಾಲಿಗೆಗೆ ಮರೆವು ತಟ್ಟಿರಲಿಲ್ಲ.

ಕೈಗೂ ತಟ್ಟಿರಲಿಲ್ಲ. ಡಿಸೆಂಬರಿನಲ್ಲಿ ಗಾಂಧಿ ಬಜಾರಿನಿಂದ ಸೊಗಡವರೆ ತಂದು, ಕಾಳು ಬಿಡಿಸಿ ನೆನೆಹಾಕಿ, ಬೋಗುಣಿಯನ್ನು ಅವಳ ಮುಂದಿಟ್ಟೆ. ಹೇಳಿಕೊಡಬೇಕಾಗಲಿಲ್ಲ. ಹೆಬ್ಬೆರಳು ತೋರುಬೆರಳ ನಡುವೆ ಕಾಳನ್ನು ಒತ್ತಿದರೆ ಬೇಳೆ ಚಿಮ್ಮಿ ತಟ್ಟೆಗೆ, ಸಿಪ್ಪೆ ಮಡಿಲಿಗೆ. ಮಗನ ಹೆಸರು ಹೇಳಲಾರದವಳು ಒಂದೂವರೆ ಗಂಟೆ ಒಂದೇ ಲಯದಲ್ಲಿ ಹಿದುಕಿದಳು, ಹುಳುಕಾದವನ್ನು ಬೇರೆ ಇಟ್ಟಳು. ಆ ಒಂದೂವರೆ ಗಂಟೆ ನಾನು ಪಕ್ಕದ ಚಾಪೆಯ ಮೇಲೆ ಮಲಗಿದೆ. ಸುಗ್ಗಿ ಮುಗಿದ ಮೇಲೆ ಒಣ ಅವರೆಕಾಳನ್ನು ರಾತ್ರಿ ನೆನೆಸಿಟ್ಟರೂ ಅದು ಹಿದುಕಲು ಬರುತ್ತದೆ ಎಂದು ಪಕ್ಕದ ಮನೆಯವರು ಹೇಳಿದರು, ಹಾಗಾಗಿ ನಮ್ಮ ಮನೆಯಲ್ಲಿ ವರ್ಷವಿಡೀ ಹಿದುಕವರೆ ಸಾರು. ಮೊಮ್ಮಗಳಿಗೆ ಸಾಕಾಗಿ ಹೋಗಿದೆ.

2021ರ ಮಳೆಗಾಲದಲ್ಲಿ ಎರಡೇ ದಿನದಲ್ಲಿ ಅಮ್ಮ ಪೂರ್ತಿ ಬೇರೆಯಾದಳು. ಗೋಡೆಯ ಮೇಲೆ ಇಲ್ಲದ ಇರುವೆ ಸಾಲು ಅವಳಿಗೆ ಕಂಡಿತು, ಹಗಲೆಲ್ಲ ಮಂಪರು. ಕಾಯಿಲೆ ಮುಂದಿನ ಹಂತಕ್ಕೆ ಹೋಯಿತು ಎಂದುಕೊಂಡು ನಾನು ಸುಮ್ಮನಿದ್ದುಬಿಡುತ್ತಿದ್ದೆನೋ ಏನೋ, ಆದರೆ ಮೂರನೆಯ ಕಾಲಂ ನೋಡಿದಾಗ ಮೂತ್ರ ದಿನಕ್ಕೆ ಹನ್ನೊಂದು ಸಲ ಆಗಿತ್ತು. ಪರೀಕ್ಷೆಯಲ್ಲಿ ಮೂತ್ರದ ಸೋಂಕು ತಿಳಿಯಿತು, ಔಷಧಿ ಕೊಟ್ಟ ಒಂದು ವಾರಕ್ಕೆ ಇರುವೆಗಳು ಹೋದವು. ಈ ಕಾಯಿಲೆ ತಿಂಗಳು ವರ್ಷಗಳಲ್ಲಿ ಇಳಿಯುತ್ತದೆಯೇ ಹೊರತು ಎರಡು ದಿನದಲ್ಲಿ ಧುಮುಕುವುದಿಲ್ಲ. ಧುಮುಕಿದರೆ ಸೋಂಕು, ಮಲಬದ್ಧತೆ, ನೀರಿನ ಕೊರತೆ ಅಥವಾ ಹೊಸದಾಗಿ ಶುರುವಾದ ಮಾತ್ರೆಯನ್ನು ಮೊದಲು ಸಂಶಯಿಸಬೇಕು.

ನರ್ಸಿಂಗ್ ಸಹಾಯಕರನ್ನು ಕಳಿಸುವ ಏಜೆನ್ಸಿಯೊಂದು ಒಂದು ತಿಂಗಳ ಮುಂಗಡ ಪಡೆದು ಒಬ್ಬ ಹುಡುಗಿಯನ್ನು ಕಳಿಸಿತು. ಅಡುಗೆ ಕೆಲಸವೆಂದು ಅವಳಿಗೆ ಹೇಳಿದ್ದರಂತೆ. ಮೂರನೆಯ ದಿನ ಡೈಪರ್ ನೋಡಿ ಅತ್ತು ಹೋದಳು, ಹಣ ಹಿಂದಿರುಗಲಿಲ್ಲ. ನನಗೆ ಸಿಟ್ಟಿರುವುದು ಏಜೆನ್ಸಿಯ ಮೇಲೆ, ಅವಳ ಮೇಲಲ್ಲ. ಈಗ ಬರುತ್ತಿರುವವರನ್ನು ಬೀದಿಯವರ ಪರಿಚಯದಿಂದ ಕಂಡುಕೊಂಡೆ. ಮೊದಲ ವಾರ ಪೂರ್ತಿ ಅವರ ಜೊತೆಯಲ್ಲೇ ಇದ್ದು ಎಲ್ಲವನ್ನೂ ತೋರಿಸಿದೆ: ನೆಟ್ಟಗೆ ಕೂರಿಸಿಯೇ ಉಣ್ಣಿಸುವುದು, ಉಂಡ ಮೇಲೆ ಅರ್ಧ ಗಂಟೆ ಮಲಗಿಸದಿರುವುದು, ತೆಳುನೀರು ಕುಡಿದರೆ ಕೆಮ್ಮು ಬರುವುದರಿಂದ ವೈದ್ಯರು ಹೇಳಿದಂತೆ ರಾಗಿ ಗಂಜಿಯ ಹದಕ್ಕೆ ಮಂದ ಮಾಡಿ ಕೊಡುವುದು, ಸ್ನಾನ ಎಂಬ ಶಬ್ದವನ್ನೇ ಎತ್ತದೆ ಅಂಗೈಗೆ ಎಣ್ಣೆ ಹಚ್ಚುತ್ತಾ ಶುರುಮಾಡುವುದು. ವಾರದ ರಜೆ ಯಾವ ದಿನ ಎಂಬುದನ್ನು ಕ್ಯಾಲೆಂಡರಿನಲ್ಲಿ ಬರೆದಿದ್ದೇವೆ. ಅವರಿಗೂ ನೋಟ್‌ಬುಕ್ಕಿನಲ್ಲಿ ನಿದ್ದೆಯ ಕಾಲಂ ಮಾಡಲೇ ಎಂದು ಕೇಳಿದ್ದಕ್ಕೆ, "ನನ್ನ ನಿದ್ದೆ ನನಗೆ ಗೊತ್ತು ಬಿಡಿ ಸಾರ್" ಎಂದರು.

ಫ್ರಿಜ್ಜಿನ ಮೇಲೆ ಮೂರು ನಂಬರುಗಳನ್ನು ಅಂಟಿಸಿದ್ದೇನೆ: ಹಿರಿಯರಿಗಾಗಿ ಬೆಂಗಳೂರಿನ 1090, ರಾಷ್ಟ್ರೀಯ ಸಹಾಯವಾಣಿ 14567, ಮತ್ತು ರಾತ್ರಿ ಎರಡು ಗಂಟೆಗೂ ಕನ್ನಡದಲ್ಲಿ ಮಾತನಾಡುವವರು ಸಿಗುವ, ಮಾನಸಿಕ ಆರೋಗ್ಯದ ಸಹಾಯವಾಣಿ ಟೆಲಿ ಮಾನಸ್‌ನ 14416. ಕೊನೆಯದು 2022ರ ಅಕ್ಟೋಬರಿನಲ್ಲಿ ಶುರುವಾಯಿತು. ಆ ಆಗಸ್ಟಿನ ರಾತ್ರಿಗೆ ಇರಲಿಲ್ಲ.

ಕಾಗದಪತ್ರದಲ್ಲಿ, ಬ್ಯಾಂಕಿನವನಾಗಿಯೂ, ನಾನು ತಡಮಾಡಿದೆ. ಅಮ್ಮನಿಂದ ಮುಖ್ತಿಯಾರ್‌ನಾಮೆ, ಅಂದರೆ ಪವರ್ ಆಫ್ ಅಟಾರ್ನಿ, ಬರೆಸಿಕೊಂಡರಾಯಿತು ಎಂದು ಅಣ್ಣ ಹೇಳುತ್ತಲೇ ಇದ್ದ, ಆದರೆ 1872ರ ಒಪ್ಪಂದ ಕಾಯ್ದೆಯ 201ನೇ ಕಲಮಿನ ಪ್ರಕಾರ ಬರೆದುಕೊಟ್ಟವರ ಬುದ್ಧಿಸ್ಥಿಮಿತ ತಪ್ಪಿದರೆ ಆ ಅಧಿಕಾರ ಕೊನೆಗೊಳ್ಳುತ್ತದೆ. ಅಂದರೆ ಯಾವಾಗ ಬೇಕೋ ಆಗಲೇ ಅದು ಇರುವುದಿಲ್ಲ. ಅಮ್ಮನಿಗೆ ತಿಳಿವಳಿಕೆ ಇದ್ದಾಗಲೇ ಖಾತೆಯನ್ನು ಜಂಟಿ ಮಾಡಿಸಿ, ನಾಮನಿರ್ದೇಶನ ಬರೆಸಿದ್ದರೆ ಎರಡು ವರ್ಷದ ಅಲೆದಾಟ ತಪ್ಪುತ್ತಿತ್ತು.

ಅಪ್ಪ ಅಂಚೆ ಇಲಾಖೆಯಲ್ಲಿದ್ದುದರಿಂದ ಅಮ್ಮನಿಗೆ ಕುಟುಂಬ ಪಿಂಚಣಿ ಬರುತ್ತದೆ, ವರ್ಷಕ್ಕೊಮ್ಮೆ ಜೀವಂತ ಪ್ರಮಾಣಪತ್ರ ಕೊಡಬೇಕು. ಎಂಬತ್ತು ದಾಟಿದವರು ನವೆಂಬರಿಗೆ ಕಾಯದೆ ಅಕ್ಟೋಬರಿನಲ್ಲೇ ಕೊಡಬಹುದು. ಸವೆದ ಬೆರಳಚ್ಚನ್ನು ಯಂತ್ರ ಒಪ್ಪುತ್ತಿರಲಿಲ್ಲ. 2021ರ ನವೆಂಬರಿನಿಂದ ಮೊಬೈಲಿನಲ್ಲಿ ಮುಖ ತೋರಿಸಿದರೆ ಸಾಕಾಗಿದೆ, ಆದರೆ ಕ್ಯಾಮೆರಾದ ಮುಂದೆ ಕಣ್ಣು ಮಿಟುಕಿಸಬೇಕು. ಮಿಟುಕಿಸು ಎಂದರೆ ಅಮ್ಮನಿಗೆ ಈಗ ತಿಳಿಯುವುದಿಲ್ಲ. ಈ ಅಕ್ಟೋಬರಿನಲ್ಲಿ ಆರು ಸಲ ವಿಫಲವಾದ ಮೇಲೆ ಅಮ್ಮನನ್ನು ನೋಡಿಕೊಳ್ಳಲು ಬರುವವರು ಫೋನ್ ಹಿಡಿದುಕೊಂಡರು, ನಾನು ಪಕ್ಕದಿಂದ ಅಮ್ಮನ ಕಣ್ಣಿಗೆ ಮೆಲ್ಲಗೆ ಉಫ್ ಎಂದು ಊದಿದೆ. ಕಣ್ಣು ಮಿಟುಕಿತು, ಪರದೆಯ ಮೇಲೆ ಹಸಿರು ಗುರುತು ಬಂದಿತು. "ಥೂ, ಎಂಜಲು" ಎಂದು ಅಮ್ಮ ಸೆರಗಿನಿಂದ ಮುಖ ಒರೆಸಿಕೊಂಡಳು.